ಪದ್ದತ್ತೆಯ ಕಷಾಯದ ಪುಡಿ

ಮೊನ್ನೆ ಪುತ್ತೂರಿನ ಒಂದು ದೊಡ್ಡ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟಿದ್ದ ಕಷಾಯದ ಪುಡಿಯ ಪೊಟ್ಟಣಗಳಲ್ಲಿ ಒಂದರ ಮೂಲೆ ಹರಿದಿತ್ತು. ಮೊದಲು ಹುರಿದ ಕೊತ್ತಂಬರಿಯ ಪರಿಮಳ, ಅದರ ಬೆನ್ನಿಗೇ ಜೀರಿಗೆ, ಕೊನೆಗೆ ಮೂಗಿನೊಳಗೆ ಚುರುಕ್ಕೆನ್ನಿಸುವ ಒಳ್ಳೆಮೆಣಸು. ತಳ್ಳುಗಾಡಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಪೊಟ್ಟಣದ ಮೇಲೆ ನಗುವ ಅಜ್ಜಿಯೊಬ್ಬಳ ಚಿತ್ರ, ಕೆಳಗೆ ಶೀತ, ಕೆಮ್ಮು, ಸಕ್ಕರೆ ಕಾಯಿಲೆ, ಗಂಟುನೋವು ಎಲ್ಲದಕ್ಕೂ ಇದೊಂದೇ ಸಾಕೆಂಬ ಭರವಸೆ. ಈ ಅಜ್ಜಿ ಯಾರ ಮನೆಯವಳು, ಇದನ್ನು ಒಂದು ದಿನವಾದರೂ ಕುಡಿದಿದ್ದಾಳೋ ಇಲ್ಲವೋ ಎಂದು ನನಗೆ ಅನುಮಾನ ಬಂತು. ಹೀಗೆ ಅನುಮಾನ ಪಡುವುದನ್ನು ನನಗೆ ಕಲಿಸಿದವರು ನಮ್ಮ ಪದ್ದತ್ತೆ. ಅಪ್ಪನ ಅಕ್ಕ, ಪದ್ಮಾವತಿ. ಅವರು ತೀರಿಕೊಂಡು ಕೆಲವು ವರ್ಷಗಳಾದವು.

ಕಲ್ಲುಗುಂಡಿಯಲ್ಲಿ ಮಡಿಕೇರಿಗೆ ಹೋಗುವ ರಸ್ತೆಗೆ ಮುಖಮಾಡಿ ನಮ್ಮ ಮನೆಯಿತ್ತು. ಜಗಲಿಯಿಂದ ಕಾಲು ಇಳಿಬಿಟ್ಟರೆ ಬಸ್ಸಿನ ಗಾಳಿ ತಾಗುವಷ್ಟು ಹತ್ತಿರ. ಅಡುಗೆಮನೆಯ ಹಿಂದಿನ ಕೋಣೆ ಅತ್ತೆಯ ಕಾರ್ಖಾನೆ. ಒಂದು ಕಬ್ಬಿಣದ ಬಾಣಲೆ, ಒಂದು ಪುಡಿ ಮಾಡುವ ಯಂತ್ರ, ಬಾಗಿಲಿಗೆ ಒಳಗಿನಿಂದ ಚಿಲಕ. ಪುಡಿ ಮಾಡಲು ಮಿಲ್ಲಿಗೆ ಕೊಡುವ ಮಾತೇ ಇರಲಿಲ್ಲ, ಮಿಲ್ಲಿನವ ಒಂದು ಹಿಡಿ ಇಟ್ಟುಕೊಂಡು ಬೇರೆಯದನ್ನು ಸೇರಿಸಿದರೆ? ಜೀರಿಗೆ ತಂದುಕೊಡುವವನ ಎದುರಿಗೇ ಚೀಲದ ತಳಕ್ಕೆ ಕೈಹಾಕಿ, ಅಡಿಯಲ್ಲಿದ್ದುದನ್ನು ಮೇಲೆ ತೆಗೆದು ಮೂಸುತ್ತಿದ್ದರು. ಮನೆಗೆ ಬಂದ ನೆಂಟರು ಆ ಕೋಣೆಯ ಕಡೆ ಸುಮ್ಮನೆ ಕಣ್ಣು ಹಾಯಿಸಿದರೂ ಅತ್ತೆಯ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಇದಕ್ಕೆ ಕಾರಣವಿರಲಿಲ್ಲವೆಂದು ಹೇಳಲಾರೆ. ಅವರ ಗಂಡ ಬೇರೊಂದು ಊರಿನಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದ. ಊರಿಗೆಲ್ಲ ಗೊತ್ತಿದ್ದ ಸಂಗತಿ, ಇವರೊಬ್ಬರಿಗೆ ಮಾತ್ರ ಗೊತ್ತಿರಲಿಲ್ಲ. ಗೊತ್ತಾದ ದಿನವೇ ಒಂದು ಪೆಟ್ಟಿಗೆ ಹಿಡಿದುಕೊಂಡು ತಮ್ಮನ ಮನೆಗೆ ಬಂದವರು ಮತ್ತೆ ಯಾರ ಮಾತನ್ನೂ ಸುಲಭವಾಗಿ ನಂಬಲಿಲ್ಲ. ಬಂದ ವರ್ಷವೇ ಪುಡಿ ಮಾಡಲು ಶುರುಮಾಡಿದ್ದರು. ತಮ್ಮನ ಮನೆಯಲ್ಲಿ ತಲೆಯೆತ್ತಿ ಉಣ್ಣಲು ಅವರಿಗೆ ಅದೊಂದೇ ದಾರಿಯಾಗಿತ್ತು.

ಅನುಮಾನದವರ ವ್ಯಾಪಾರ ಹೇಗಿರುತ್ತದೆ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಅದು ನೀರಿನಷ್ಟು ತಿಳಿಯಾಗಿತ್ತು. ತಾವು ಯಾರನ್ನೂ ನಂಬದವರು, ಉಳಿದವರು ತಮ್ಮನ್ನು ಯಾಕೆ ನಂಬಬೇಕು ಎಂಬುದು ಅತ್ತೆಯ ಲೆಕ್ಕ. ಹಾಗಾಗಿ ಪೊಟ್ಟಣದ ಮೇಲೆ ಒಳಗೆ ಏನೇನಿದೆಯೋ ಅಷ್ಟನ್ನೂ ಬರೆಸಿ, ಕೆಳಗೆ ದಪ್ಪಕ್ಷರದಲ್ಲಿ ‘ಇದು ಮದ್ದಲ್ಲ’ ಎಂದು ಹಾಕಿಸಿದ್ದರು. ‘ಆರೋಗ್ಯಕ್ಕೆ ಉತ್ತಮ’ ಎಂದಾದರೂ ಸೇರಿಸೋಣ ಎಂದು ಅಪ್ಪ ಗೋಗರೆದರು. “ಯಾರ ಆರೋಗ್ಯ? ನೀನು ಹೋಗಿ ನೋಡಿ ಬಂದಿದ್ದೀಯಾ?” ಎಂದು ಕೇಳಿ ಅತ್ತೆ ಆ ಮಾತನ್ನು ಅಲ್ಲಿಗೇ ಮುಗಿಸಿದರು. ಇನ್ನೊಂದು ಪದ್ಧತಿಯೂ ಇತ್ತು. ಮನೆಗೆ ಬಂದು ಕೇಳುವ ಯಾರಿಗೂ ಅವರು ಪುಡಿಯನ್ನು ಹಾಗೇ ಕೊಡುತ್ತಿರಲಿಲ್ಲ. ಹಾಲು ಬೆಲ್ಲ ಹಾಕಿ ಕುದಿಸಿದ ಕಷಾಯವನ್ನು ಒಂದೇ ಪಾತ್ರೆಯಿಂದ ಎರಡು ಲೋಟಕ್ಕೆ ಬಗ್ಗಿಸಿ, ಬಂದವರ ಎದುರು ತಾವು ಮೊದಲು ಕುಡಿದು, ಆಮೇಲೆ ಅವರಿಗೆ ಕೊಡುವುದು. ಕುಡಿಯುವಾಗ ಅವರ ಮುಖವನ್ನೇ ನೋಡುವುದು. “ಭಾರಿ ಲಾಯ್ಕ ಉಂಟಕ್ಕ” ಎಂದು ಜೋರಾಗಿ ಹೊಗಳಿದವರ ಮೇಲೆ ಅವರಿಗೆ ಸಂಶಯ. ಮಾತಾಡದೆ ಕೊನೆಯ ಗುಟುಕಿನವರೆಗೆ ಕುಡಿದು ಲೋಟ ಕೆಳಗಿಟ್ಟವರೇ ನಿಜವಾದ ಗಿರಾಕಿಗಳು. ಜಗಲಿಯಲ್ಲಿ ಕೂತು ಅಪರಿಚಿತರ ಗಂಟಲನ್ನು ನೋಡುತ್ತಿದ್ದ ನನಗೆ ಅದಕ್ಕಿಂತ ಒಳ್ಳೆಯ ಆಟ ಇರಲಿಲ್ಲ.

ಬಸ್ಸಿನ ಕಂಡಕ್ಟರ್ ಹಮೀದ್ ದಿನಾ ಹೀಗೆ ಲೋಟ ಕೆಳಗಿಡುವವರಲ್ಲಿ ಒಬ್ಬ. ಬಸ್ಸು ನಿಂತ ಅಷ್ಟೇ ಹೊತ್ತಿನಲ್ಲಿ ಬಂದು, ಬಿಸಿಬಿಸಿ ಕುಡಿದು, ನನ್ನ ಜಡೆ ಒಮ್ಮೆ ಎಳೆದು ಓಡುತ್ತಿದ್ದ. ಸುಬ್ರಹ್ಮಣ್ಯದಲ್ಲಿ ಅಂಗಡಿ ಇಟ್ಟಿದ್ದ ಕುಶಾಲಪ್ಪ ಎಂಬವರಿಗೆ ನಮ್ಮ ಪುಡಿಯ ರುಚಿ ಹಿಡಿಸಿದ್ದು ಅವನಿಂದಲೇ. ಅತ್ತೆ ಕಟ್ಟಿಕೊಟ್ಟ ಪೊಟ್ಟಣಗಳನ್ನು ಅವನು ಸುಳ್ಯದವರೆಗೆ ಒಯ್ದು, ಅಲ್ಲಿ ಸುಬ್ರಹ್ಮಣ್ಯದ ಬಸ್ಸಿಗೆ ದಾಟಿಸುತ್ತಿದ್ದ. ದುಡ್ಡು ಅದೇ ದಾರಿಯಲ್ಲಿ ಹಿಂದೆ ಬರುತ್ತಿತ್ತು. ಅತ್ತೆ ಕುಶಾಲಪ್ಪನವರ ಮುಖ ನೋಡಿರಲಿಲ್ಲ, ಅವರೂ ಇವರದನ್ನು ನೋಡಿರಲಿಲ್ಲ. ಹೀಗೇ ಎಷ್ಟೋ ಕಾಲ ಚೆನ್ನಾಗಿ ನಡೆಯಿತು.

ಒಂದು ಬೇಸಿಗೆಯಲ್ಲಿ ಸುಬ್ರಹ್ಮಣ್ಯದಿಂದ ಬೇಡಿಕೆ ಇದ್ದಕ್ಕಿದ್ದಂತೆ ಹೆಚ್ಚಾಯಿತು. ಕಟ್ಟಿ ಕಳಿಸಿದಷ್ಟೂ ಸಾಲದು. ಬೇರೆ ಯಾರ ಮನೆಯಲ್ಲಾದರೂ ಪಾಯಸ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಅತ್ತೆ ನಿದ್ದೆ ಬಿಟ್ಟರು. “ಜನ ಅದೇ, ಪುಡಿ ಅದೇ. ಮತ್ತೆ ಹೆಚ್ಚು ಖರ್ಚಾಗುದು ಹೇಗೆ?” ಎಂದು ಅಪ್ಪನನ್ನು ಕೇಳಿದರು. ಒಳ್ಳೆಯ ಹೆಸರು ಬಂದಿರಬೇಕು ಅಕ್ಕ ಎಂದರು ಅಪ್ಪ. ಅತ್ತೆಗೆ ಬೇರೆಯೇ ಅನುಮಾನ. ಆ ಮನುಷ್ಯ ಪೊಟ್ಟಣ ಬಿಚ್ಚಿ, ಹೊಟ್ಟೋ ಮರದ ಪುಡಿಯೋ ಬೆರೆಸಿ, ಒಂದನ್ನು ಮೂರು ಮಾಡಿ ತಮ್ಮ ಹೆಸರಿನಲ್ಲಿ ಮಾರುತ್ತಿದ್ದಾನೆ. ಆ ಹೆಸರೊಂದನ್ನು ಬಿಟ್ಟರೆ ಲೋಕದಲ್ಲಿ ಅವರದ್ದೆಂದು ಇನ್ನೇನೂ ಇರಲಿಲ್ಲ. ಕಣ್ಣಾರೆ ನೋಡಿಯೇ ಬರುವುದೆಂದು ಹೊರಟರು. ಹೆಣ್ಣೊಬ್ಬಳೇ ಕೂತು ನೋಡುತ್ತಿದ್ದರೆ ಜನ ಗಮನಿಸುತ್ತಾರೆಂದು ನನ್ನನ್ನೂ ಕರೆದುಕೊಂಡರು.

ಕುಶಾಲಪ್ಪನವರ ಅಂಗಡಿಯ ಎದುರು, ರಸ್ತೆಯ ಈಚೆ, ಒಂದು ಹೋಟೆಲು. ಕಿಟಕಿಯ ಪಕ್ಕದ ಮೇಜು ಹಿಡಿದು ನನಗೆ ಗೋಳಿಬಜೆ ಕೊಡಿಸಿದರು. ತಾವು ಚಹ ತರಿಸಿ, ಮೂಸಿ ನೋಡಿ ಬದಿಗೆ ಸರಿಸಿದರು. ಯಾತ್ರಿಕರ ಬಸ್ಸುಗಳು ಬಂದು ನಿಲ್ಲುತ್ತಿದ್ದವು, ಜನ ಅಂಗಡಿಗೆ ಮುತ್ತುತ್ತಿದ್ದರು. ಜನರ ಸಂದಿಯಿಂದ ಒಬ್ಬ ದಪ್ಪ ಮನುಷ್ಯ ಕಾಣಿಸಿದ. ಕತ್ತರಿ ತೆಗೆದುಕೊಂಡು ನಮ್ಮ ಹಳದಿ ಪೊಟ್ಟಣವನ್ನು ಕತ್ತರಿಸಿ, ಗಲ್ಲಾದ ಹಿಂದಿದ್ದ ದೊಡ್ಡ ಪಾತ್ರೆಗೆ ಸುರಿದ. ಮತ್ತೊಂದನ್ನು ತೆಗೆದು ಅದನ್ನೂ ಸುರಿದ. ಅಷ್ಟರಲ್ಲಿ ಇನ್ನೊಂದು ಬಸ್ಸು ಅಡ್ಡ ಬಂತು. ಅತ್ತೆ ನನ್ನ ಮಣಿಕಟ್ಟು ಹಿಡಿದರು.

“ಕಂಡಿತಾ? ಬಿಚ್ಚಿ ಸುರಿಯುದು ಕಂಡಿತಾ?”

“ಹೋಗಿ ಕೇಳುವ ಅತ್ತೆ.”

“ಎಂತ ಕೇಳುದು? ಕೇಳಿದ್ರೆ ಹೌದು ನಾನು ಕಳ್ಳ ಅಂತ ಹೇಳ್ತಾನಾ?”

ಆ ರಸ್ತೆ ದಾಟಲು ಎಷ್ಟು ಹೊತ್ತು ಬೇಕಿತ್ತು ಹೇಳಿ. ನಾವು ದಾಟಲಿಲ್ಲ. ಸುಬ್ರಹ್ಮಣ್ಯದವರೆಗೆ ಹೋಗಿ ದೇವರಿಗೂ ಕೈಮುಗಿಯದೆ ಹಿಂದೆ ಬಂದವರು ನಾವಿಬ್ಬರೇ ಇರಬೇಕು. ಮರುದಿನದಿಂದ ಸುಬ್ರಹ್ಮಣ್ಯಕ್ಕೆ ಪುಡಿ ಕಳಿಸುವುದು ನಿಂತಿತು.

ಕೆಲವು ದಿನಗಳ ಮೇಲೆ ಫೋನು ಬಂತು. ನಮ್ಮ ಹಳೆಯ ಫೋನಿನಲ್ಲಿ ಆಚೆಯವರ ಮಾತು ಕೋಣೆಗೆಲ್ಲ ಕೇಳುತ್ತಿತ್ತು. “ಅಕ್ಕ, ನಾನು ಕುಶಾಲಪ್ಪ. ಪುಡಿ ಯಾಕೆ ಬರ್ಲಿಲ್ಲ? ಜನ ದಿನಾ ಕೇಳ್ತಾರೆ ಮಾರಾಯ್ರೆ.” ಪೊಟ್ಟಣ ಬಿಚ್ಚುವುದನ್ನು ಕಣ್ಣಾರೆ ಕಂಡಿದ್ದೇನೆ ಎಂದರು ಅತ್ತೆ. ಆಚೆಯವರು ಗಾಬರಿಪಡಲಿಲ್ಲ, ನಕ್ಕರು. “ಹೌದಕ್ಕ, ಬಿಚ್ಚುದೇ. ಕುದಿಸಿ ಮೊದಲು ನಾನು ಕುಡಿದು ಜನರಿಗೆ ಕೊಡುದು. ಕುಡಿದವ ತಗೊಳ್ಳದೆ ಹೋಗುದಿಲ್ಲ. ನೀವು ಮನೆಯಲ್ಲಿ ಹಾಗೆ ಮಾಡುದು ಅಂತ ಹಮೀದ್ ಹೇಳಿದ್ದು.” ಅತ್ತೆ ಫೋನನ್ನು ಕುಕ್ಕಿಟ್ಟು ಅಪ್ಪನ ಕಡೆ ತಿರುಗಿದರು. “ಕೇಳಿದಿಯಾ ಸುಳ್ಳು? ದುಡ್ಡು ಕೊಟ್ಟು ತಂದದ್ದನ್ನು ಯಾರಾದ್ರೂ ಪುಕ್ಕಟೆ ಕುಡಿಸ್ತಾರಾ?” ಹಾಗೆನ್ನುವಾಗ ಒಳಗೆ ಒಲೆಯ ಮೇಲೆ, ಮುಂದಿನ ಬಸ್ಸಿನಿಂದ ಇಳಿದು ಬರುವವರಿಗಾಗಿ ಅವರೇ ಇಟ್ಟ ಕಷಾಯ ಕುದಿಯುತ್ತಿತ್ತು. ಹಮೀದನನ್ನು ಕೇಳಿ ನೋಡು ಎಂದರು ಅಪ್ಪ. ಅವನೂ ಅವರ ಕಡೆಯವನೇ ಎಂದಾಯಿತು. ಆಮೇಲೆ ಹಮೀದನಿಗೆ ಲೋಟ ಸಿಗಲಿಲ್ಲ. ಅವನು ಕೆಲವು ದಿನ ಬಸ್ಸಿನ ಮೆಟ್ಟಿಲಿನಿಂದಲೇ ನಮ್ಮ ಜಗಲಿಯ ಕಡೆ ನೋಡಿ, ಆಮೇಲೆ ನೋಡುವುದನ್ನೂ ಬಿಟ್ಟ. ನನಗೆ ಅಳು ಬರುತ್ತಿತ್ತು.

ಸುಬ್ರಹ್ಮಣ್ಯದ ವ್ಯಾಪಾರ ಹೋದ ಮೇಲೆ ಉಳಿದದ್ದು ಅಷ್ಟಕ್ಕಷ್ಟೆ. ಸುಳ್ಯದ ಅಂಗಡಿಗಳಿಗೆ ಬಣ್ಣಬಣ್ಣದ ಬೇರೆ ಪುಡಿಗಳು ಬಂದವು. ಎಲ್ಲ ರೋಗವನ್ನೂ ವಾಸಿ ಮಾಡುತ್ತೇವೆನ್ನುವ ಅವುಗಳ ನಡುವೆ ‘ಇದು ಮದ್ದಲ್ಲ’ ಎಂಬ ಪೊಟ್ಟಣವನ್ನು ಜನ ತಿರುಗಿಸಿ ಮುರುಗಿಸಿ ನೋಡಿ, ಏನೋ ದೋಷವಿದ್ದೀತೆಂದು ಹಾಗೇ ಇಡುತ್ತಿದ್ದರಂತೆ. ಬಾಣಲೆ ವಾರಕ್ಕೊಮ್ಮೆ, ಮತ್ತೆ ಹಬ್ಬಕ್ಕೊಮ್ಮೆ ಒಲೆಗೇರಿ ಕೊನೆಗೆ ಅಟ್ಟಕ್ಕೆ ಹೋಯಿತು. ಮನೆ ಮಾರಿ ನಾವು ಪುತ್ತೂರಿನ ಬಾಡಿಗೆ ಮನೆಗೆ ಬಂದೆವು. ಈಗ ಆ ಜಾಗದಲ್ಲಿ ಟಯರಿನ ಅಂಗಡಿ ಇದೆ. ಮಡಿಕೇರಿಗೆ ಹೋಗುವಾಗ ನಾನು ಬೇಕೆಂದೇ ಬಸ್ಸಿನ ಆಚೆ ಬದಿಯ ಸೀಟು ಹಿಡಿಯುತ್ತೇನೆ.

ಪುತ್ತೂರಿಗೆ ಬಂದ ಎಷ್ಟೋ ವರ್ಷಗಳ ಮೇಲೆ ಅತ್ತೆ ಒಂದು ಬೆಳಿಗ್ಗೆ, ಹರಕೆಯೊಂದು ಬಾಕಿ ಇದೆ ಎಂದು ಹೇಳಿ ಒಬ್ಬರೇ ಸುಬ್ರಹ್ಮಣ್ಯಕ್ಕೆ ಹೋಗಿ ಬಂದರು. ಸಂಜೆ ನಾನು ಕೆಲಸ ಮುಗಿಸಿ ಬಂದಾಗ ಮೆಟ್ಟಿಲ ಮೇಲೆ ಚಪ್ಪಲಿಯನ್ನೂ ಬಿಚ್ಚದೆ ಕೂತಿದ್ದರು. ಹರಕೆ ಮುಗಿಯಿತಾ ಎಂದು ಕೇಳಿದೆ. ಅವರು ಬೇರೆಯೇ ಹೇಳಿದರು.

“ಆ ಕುಶಾಲಪ್ಪ ಈಗಲೂ ಕುದಿಸ್ತಾನೆ. ಬೇರೆ ಯಾರದ್ದೋ ಪುಡಿ. ಮೊದಲು ತಾನು ಕುಡಿದು ಆಮೇಲೆ ಕೊಡ್ತಾನೆ. ಕಲ್ಲುಗುಂಡಿಯ ಪುಡಿ ಉಂಟಾ ಅಂತ ಕೇಳಿದೆ. ಇಲ್ಲಮ್ಮ, ಅವರು ಕೊಡುದು ನಿಲ್ಲಿಸಿದ್ರು, ಅವರನ್ನು ಕೇಳದೆ ಪೊಟ್ಟಣ ಬಿಚ್ಚಿದ್ದು ನನ್ನದೇ ತಪ್ಪು ಅಂದ.”

ನೀವು ಯಾರೆಂದು ಹೇಳಿದಿರಾ ಎಂದು ಮೆಲ್ಲಗೆ ಕೇಳಿದೆ.

“ಬಾಯಿವರೆಗೆ ಬಂದಿತ್ತು. ಹೇಳಿದ್ರೆ ಅವ ನಂಬ್ತಿದ್ದನಾ?”

ಖಂಡಿತ ನಂಬುತ್ತಿದ್ದರು ಅತ್ತೆ ಎಂದೆ. ಅದು ಸಮಾಧಾನದ ಮಾತಲ್ಲ, ನನಗೆ ನಿಜವಾಗಿಯೂ ಹಾಗೆಯೇ ಅನ್ನಿಸಿತ್ತು. ಅತ್ತೆ ತಲೆಯೆತ್ತಿ ನನ್ನ ಮುಖವನ್ನು ನೋಡಿದರು. ಇವಳು ಮುದುಕಿಯ ಮನಸ್ಸು ನೋಯಬಾರದೆಂದು ಹೀಗೆ ಹೇಳುತ್ತಿರಬಹುದೇ ಎಂದು, ಬಹಳ ಹೊತ್ತು ನೋಡುತ್ತಲೇ ಇದ್ದರು.