ಅಂಬಣ್ಣನ ನಡುಗದ ರಿಮೋಟು

ಮರಾಠಿ ಸೀಮೆಯ ಉಮರ್ಗಾದ ಪೇಟೆಯಲ್ಲಿ ನನ್ನ ಬಟ್ಟೆ ಅಂಗಡಿಗೂ ಅಂಬಣ್ಣನ ವಿಡಿಯೊ ಗೇಮಿನ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಬಾಂಬು ಸಿಡಿದರೆ ಈ ಕಡೆ ನನ್ನ ಗಿರಾಕಿಗಳು ಬೆಚ್ಚುತ್ತಾರೆ. ನಾನು ಇಳಕಲ್ ಸೀರೆಯ ಸೆರಗು ಬಿಡಿಸಿ ತೋರಿಸುವ ಹೊತ್ತಿಗೇ ಅಲ್ಲಿಂದ 'ಹೊಡಿ ಅಂವನ್ನ' ಎಂಬ ಕೂಗು ಬಂದರೆ ಯಾವ ಹೆಣ್ಣುಮಗಳಿಗೆ ಬಣ್ಣ ಆರಿಸುವ ಮನಸ್ಸು ಉಳಿದೀತು? ಇದೇ ಕಾರಣಕ್ಕೆ ಅವನ ಜೊತೆ ಎಷ್ಟೋ ಸಲ ಜಗಳ ಆಡಿದ್ದೇನೆ. ಜಗಳ ಮುಗಿದ ಮೇಲೆ ಚಹಾ ತರಿಸುವವನು ಮಾತ್ರ ಯಾವಾಗಲೂ ಅವನೇ.

ಅಂಬಣ್ಣನಿಗೆ ಐವತ್ತು ಸಮೀಪಿಸಿದೆ. ಬಡಕಲು ಮೈ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಸದಾ ಬೆಸುಗೆಯ ಕಡ್ಡಿ. ಲೋಹಾರಾ ಕಡೆಯ ಹಳ್ಳಿಯವನು. ತೊಂಬತ್ತಮೂರರ ಭೂಕಂಪದಲ್ಲಿ ಊರು ಹೋದ ಮೇಲೆ ಇಲ್ಲಿಗೆ ಬಂದು ರೇಡಿಯೊ ರಿಪೇರಿ ಕಲಿತ, ಆಮೇಲೆ ಟಿ.ವಿ., ಆಮೇಲೆ ಕ್ಯಾಸೆಟ್ ಹಾಕಿ ಆಡುವ ಗೇಮು. ಕಾಲ ಬದಲಾದಂತೆ ಡಬ್ಬಿಗಳು ಬದಲಾದವು, ಅವನು ಕೂರುವ ಜಾಗ ಬದಲಾಗಲಿಲ್ಲ. ಚಳಿಯಿರಲಿ ಧೂಳಿರಲಿ, ಬಾಗಿಲ ಹೊಸ್ತಿಲ ಪಕ್ಕದಲ್ಲೇ ಅವನ ಕುರ್ಚಿ.

ಅವನ ಇನ್ನೊಂದು ವಿಚಿತ್ರ ನನಗೆ ಗೊತ್ತಿತ್ತು. ಆಟದ ರಿಮೋಟಿನೊಳಗೆ ಒಂದು ಪುಟ್ಟ ಮೋಟಾರು ಇರುತ್ತದಂತೆ, ಆಟದಲ್ಲಿ ಗಾಡಿ ಗುದ್ದಿದರೆ ಅದು ಗುರ್ರೆಂದು ಕೈಯಲ್ಲಿ ನಡುಗುತ್ತದಂತೆ. ಅಂಬಣ್ಣ ಯಾವ ರಿಮೋಟು ತಂದರೂ ಮೊದಲು ಅದರ ಹೊಟ್ಟೆ ಬಿಚ್ಚಿ ಆ ಮೋಟಾರನ್ನು ಕಿತ್ತು ಡಬ್ಬಿಗೆ ಹಾಕುತ್ತಿದ್ದ. ಕೇಳಿದರೆ 'ರಿಮೋಟ ಲಗೂ ಕೆಡ್ತದ್ರೀ ಅಣ್ಣಾ' ಅನ್ನುತ್ತಿದ್ದ. ನಮ್ಮ ಕಡೆ ಅವನ ವಯಸ್ಸಿನವರಲ್ಲಿ ಯಾರಿಗೆ ಯಾವ ಚಟವಿಲ್ಲ? ಒಬ್ಬ ಇಂದಿಗೂ ಮಾಳಿಗೆಯ ಕೆಳಗೆ ಮಲಗುವುದಿಲ್ಲ, ಇನ್ನೊಬ್ಬಳು ತಲೆದಿಂಬಿನ ಬಳಿ ತಾಟಿನ ಮೇಲೆ ಲೋಟ ಬೋರಲು ಇಡುತ್ತಾಳೆ, ನೆಲ ಅಲುಗಿದರೆ ಸಪ್ಪಳವಾಗಲಿ ಎಂದು. ಯಾರೂ ಯಾರನ್ನೂ ಕೆದಕಿ ಕೇಳುವುದಿಲ್ಲ.

ಇನ್ನು ವೈಷ್ಣವಿ. ನನ್ನ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚಿ ಪಿಕೊ ಮಾಡುವವಳು, ಯೆಣೆಗೂರಿನ ಭರತನ ಮಗಳು. ಭರತ ಹೆದ್ದಾರಿಯ ಢಾಬಾದಲ್ಲಿ ರೊಟ್ಟಿ ಬಡಿಯುತ್ತಾನೆ. ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಇಲ್ಲ. ಕಿವುಡ ಮಕ್ಕಳ ಶಾಲೆಯಲ್ಲಿ ಕಲಿತಿದ್ದಾಳೆ, ಏನಾದರೂ ಹೇಳಬೇಕಾದರೆ ಮೊಬೈಲಿನಲ್ಲಿ ಮರಾಠಿಯಲ್ಲಿ ಬರೆದು ಮುಖಕ್ಕೆ ಹಿಡಿಯುತ್ತಾಳೆ. ಹೊಲಿಗೆ ಯಂತ್ರದ ಮೈಮೇಲೆ ಎಡಗೈ ಊರಿದಳೆಂದರೆ ಸಾಕು, ಸೂಜಿ ಮೊಂಡಾಗಿದೆಯೋ, ದಾರ ಸಿಕ್ಕಿಕೊಂಡಿದೆಯೋ ಅದರ ನಡುಕದಲ್ಲೇ ಗೊತ್ತು ಮಾಡುತ್ತಾಳೆ. ಕಣ್ಣು ಬೀದಿಯ ಕಡೆ, ಕೈ ಸೀರೆಯ ಅಂಚಿನ ಮೇಲೆ. ಇಂಥ ಕೆಲಸದವಳು ನನಗೆ ಮತ್ತೆ ಸಿಗುವುದಿಲ್ಲ ಎಂದು ಹೊಗಳಿದರೆ ಎಲ್ಲಿ ತಲೆಗೇರುತ್ತದೋ ಎಂದು ನಾನು ಅವಳನ್ನು ಬಾಯಿತುಂಬ ಹೊಗಳಿದ್ದೇ ಇಲ್ಲ.

ಸಂಜೆ ಕೆಲಸ ಮುಗಿದ ಮೇಲೆ ಅವಳ ಬಸ್ಸಿಗೆ ಸಮಯವಿರುತ್ತಿತ್ತು. ಆ ಹೊತ್ತನ್ನು ಅಂಬಣ್ಣನ ಅಂಗಡಿಯಲ್ಲಿ ಗಾಡಿ ಓಡಿಸುವ ಆಟದಲ್ಲಿ ಕಳೆಯುತ್ತಿದ್ದಳು. ಆಟ ಅಷ್ಟಕ್ಕಷ್ಟೆ. ಉಳಿದವರು ಚಕ್ರ ಕೀರಿಡುವ ಸದ್ದು ಕೇಳಿ ತಿರುವಿನಲ್ಲಿ ಹಿಡಿತ ಸಡಿಲಿಸಿದರೆ, ಇವಳು ಗೋಡೆಗೆ ಹೋಗಿ ಗುದ್ದುತ್ತಿದ್ದಳು.

ಹೀಗಿರುವಾಗ ಅಂಬಣ್ಣ ಉದಗೀರದಿಂದ ಹೊಸ ಕನ್ಸೋಲ್ ತಂದ. ಅದರ ರಿಮೋಟುಗಳು ಬೇರೆ ಜಾತಿಯವು. ಹಳೆಯವು ಮೋಟಾರು ಕೀಳದಿದ್ದರೂ ಬರೀ ಗುರ್ರೆನ್ನುತ್ತಿದ್ದವಂತೆ. ಇವು ಡಾಂಬರು ರಸ್ತೆಗೆ ಒಂದು ಬಗೆ, ಜಲ್ಲಿ ಹಾಕಿದ ಖಡಿ ರಸ್ತೆಗೆ ಇನ್ನೊಂದು ಬಗೆ ನಡುಗುತ್ತವೆ. ಮಳೆ ಬಿದ್ದರೆ ಬೆರಳ ತುದಿಯಲ್ಲಿ ಹನಿ ಹನಿಯಾಗಿ ತಟ್ಟುತ್ತವೆ. ಬ್ರೇಕ್ ಒತ್ತಿದರೆ ಗುಂಡಿ ಬೆರಳನ್ನೇ ತಿರುಗಿ ತಳ್ಳುತ್ತದೆ. 'ಆಟದ ಒಳಗಽ ಹೋಗಿ ಕುಂತಂಗ ಆಗ್ತದ್ರೀ' ಎಂದು ಹುಡುಗರು ಹುಚ್ಚೆದ್ದರು. ನಾನೂ ಒಮ್ಮೆ ಹಿಡಿದು ನೋಡಿದೆ. ಅಂಗೈಯಲ್ಲಿ ಕೋಳಿಮರಿ ಹಿಡಿದ ಹಾಗಾಯಿತು, ತಟ್ಟನೆ ಕೆಳಗಿಟ್ಟೆ. ಗಿರಾಕಿಗಳು ಬರುತ್ತಿರುವುದೇ ಆ ನಡುಕಕ್ಕಾಗಿ ಎಂದು ತಿಳಿದದ್ದರಿಂದ ಅಂಬಣ್ಣ ಹಲ್ಲು ಕಚ್ಚಿಕೊಂಡು ಇವುಗಳ ಮೋಟಾರು ಕೀಳದೆ ಬಿಟ್ಟಿದ್ದ.

ವೈಷ್ಣವಿ ಅದನ್ನು ಹಿಡಿದ ಸಂಜೆ ನಾನು ಅಲ್ಲೇ ಇದ್ದೆ. ಗಾಡಿ ಖಡಿ ರಸ್ತೆಗೆ ಇಳಿದಾಗ ಹುಡುಗಿ ಆಟವನ್ನೇ ನಿಲ್ಲಿಸಿ ಕೈಗಳನ್ನು ನೋಡಿಕೊಂಡಳು. ಮತ್ತೆ ಓಡಿಸಿದಳು, ಮತ್ತೆ ನೋಡಿಕೊಂಡಳು. ಆಮೇಲೆ ಮೊಬೈಲು ತೆಗೆದು ಬರೆದು ನನಗೆ ತೋರಿಸಿದಳು: 'ಕಾಕಾ, ನಿಮಗೆಲ್ಲ ಸಪ್ಪಳ ಅಂದರೆ ಹೀಗೇ ಇರುತ್ತದಾ?' ನಾನು ಯೋಚಿಸದೆ ಹೌದು ಎಂದು ತಲೆಯಾಡಿಸಿದೆ. ಕೆಲವೇ ದಿನಗಳಲ್ಲಿ ಅವಳು ಪೇಟೆಯ ಹುಡುಗರನ್ನೆಲ್ಲ ಸಾಲಾಗಿ ಸೋಲಿಸಿದಳು. ನನ್ನ ಯಂತ್ರದ ಮುಂದೆ ಕೂತಾಗಲೂ ಅವಳ ಮುಖದಲ್ಲಿ ಒಂದು ಗೆಲುವು ಇರುತ್ತಿತ್ತು, ಅದು ನೋಡಲು ಚೆನ್ನಾಗಿತ್ತು.

ಒಂದು ಭಾನುವಾರ, ವೈಷ್ಣವಿಗೆ ರಜೆಯಿದ್ದ ದಿನ, ಅಂಬಣ್ಣನ ಅಂಗಡಿ ತುಂಬಿತ್ತು. ಯಾರೋ ಒಬ್ಬ ರಿಮೋಟನ್ನು ತಗಡಿನ ಪತ್ರಾ ಹೊಡೆದ ಮೇಜಿನ ಮೇಲೆ ಇಟ್ಟ. ಪರದೆಯಲ್ಲಿ ಏನೋ ಸಿಡಿಯಿತು. ಮೇಜು ಗುಂಯ್ ಎಂದಿತು, ಚಹಾದ ಲೋಟಗಳು ಕಟಕಟ ಕುಣಿದವು. 'ಭೂಕಂಪ! ಭೂಕಂಪ!' ಎಂದು ಒಬ್ಬ ತಮಾಷೆಗೆ ಕೂಗಿದ. ಎಲ್ಲರೂ ಗೊಳ್ಳೆಂದು ನಕ್ಕರು, ಒಬ್ಬನೂ ಕೂತಲ್ಲಿಂದ ಏಳಲಿಲ್ಲ. ಅಂಬಣ್ಣ ಮಾತ್ರ ಬರಿಗಾಲಲ್ಲಿ ನಡುರಸ್ತೆಗೆ ಓಡಿ ನಿಂತಿದ್ದ. ಒಂದು ಆಟೊ ಅವನ ಮೊಳಕಾಲ ಹತ್ತಿರ ಬಂದು ಬ್ರೇಕ್ ಹಾಕಿತು. ಅವನ ಅವತಾರ ನೋಡಿ ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಅವತ್ತೇ ಅವನು ಹೊಸ ರಿಮೋಟುಗಳ ನಡುಕವನ್ನು ಬಂದ್ ಮಾಡಿದ, ನನಗಿದು ಗೊತ್ತಾದದ್ದು ಆಮೇಲೆ. ಇದಕ್ಕೆ ಬಿಚ್ಚುವ ಕೆಲಸವೂ ಇರಲಿಲ್ಲ, ಪರದೆಯ ಮೇಲೆ ಒಂದು ಕಡೆ ಒತ್ತಿದರೆ ಮುಗಿಯಿತು. 'ಬ್ಯಾಟರಿ ತಿಂತದ, ಅದಕ್ಕ ಬಂದ್ ಮಾಡೀನಿ' ಎಂದು ಬಂದ ಬಂದ ಹುಡುಗರಿಗೆ ಬಾಯಿಂದ ಹೇಳಿದ. ಅವರು ಸ್ವಲ್ಪ ಗೊಣಗಿ ಸುಮ್ಮನಾದರು. ವೈಷ್ಣವಿಗೆ ಬಾಯಿಂದ ಹೇಳಿದರೆ ಕೇಳಿಸುತ್ತದೆಯೇ? ಬರೆದು ತೋರಿಸಬೇಕಿತ್ತು. ಬಾಯಲ್ಲಿ ಹಾರಿಸುವ ಸುಳ್ಳನ್ನು ಒಂದೊಂದೇ ಅಕ್ಷರ ಒತ್ತಿ ಬರೆಯುವುದು ಅವನಿಂದ ಆಗಲಿಲ್ಲ. ಮರುದಿನ ಅವಳು ಬಂದಾಗಲೂ ನಾಳೆ ಹೇಳಿದರಾಯಿತು ಎಂದು ಬಿಟ್ಟ.

ಆ ಸಂಜೆ ಅವಳು ಆಡಲು ಹೋದವಳು ಬೇಗ ಎದ್ದು ಬಂದಳಂತೆ. ಬೇರೆ ರಿಮೋಟು ಹಿಡಿದು ನೋಡಿದಳಂತೆ, ಇನ್ನೊಂದೂ ಹಿಡಿದಳಂತೆ. ಎಲ್ಲವೂ ಕಲ್ಲಿನ ಹಾಗೆ ತಣ್ಣಗೆ. ಸುತ್ತ ಹುಡುಗರು ಎಂದಿನಂತೆ ಆಡುತ್ತ ನಗುತ್ತ ಇದ್ದರು. ಎಲ್ಲರ ಆಟ ಸರಿಯಿದ್ದು ತನ್ನ ಕೈಗೆ ಮಾತ್ರ ಏನೂ ಗೊತ್ತಾಗುತ್ತಿಲ್ಲ ಎಂದರೆ ಕೆಟ್ಟಿರುವುದು ಯಾವುದು, ರಿಮೋಟೋ ತನ್ನ ಕೈಯೋ? ಪಾಪದ ಹುಡುಗಿ ಅದನ್ನು ಯಾರಿಗೂ ಬರೆದು ತೋರಿಸಲಿಲ್ಲ.

ನನಗೆ ಕಂಡದ್ದು ಅವಳ ಕೆಲಸ. ಸೀರೆಯ ಅಂಚು ಸೊಟ್ಟ ಹೋಗತೊಡಗಿತು. ಯಂತ್ರದ ಮೇಲಿನ ಎಡಗೈಯನ್ನು ಎತ್ತುವಳು, ಒರೆಸಿಕೊಳ್ಳುವಳು, ಮತ್ತೆ ಇಡುವಳು. ಬೆರಳಿಗೆ ಟಾಚಣಿ ಪಿನ್ನು ಚುಚ್ಚಿ ನೋಡಿಕೊಳ್ಳುವುದನ್ನೂ ಕಂಡೆ. ಮದುವೆಯ ಸೀಸನ್ನು, ಸೀರೆಗಳ ರಾಶಿ ಬಿದ್ದಿತ್ತು. ನಾನು ಅವಳಿಗೆ ಕಣ್ಣು ಬಿಟ್ಟೆ, ಮೇಜು ಕುಟ್ಟಿ ತೋರಿಸಿದೆ. ಆ ಮಧ್ಯಾಹ್ನವೇ ಸೂಜಿ ಅವಳ ತೋರುಬೆರಳಿನ ಉಗುರು ತೂರಿ ಆ ಕಡೆ ಬಂತು. ಅಷ್ಟು ರಕ್ತ ಹರಿದರೂ ಹುಡುಗಿಯ ಮುಖದಲ್ಲಿ ನೋವಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು.

ಎರಡು ದಿನ ಬಿಟ್ಟು ಭರತ ಬಂದ. ಅಂಗಡಿಯ ಕಟ್ಟೆಯ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡ.

'ಶೇಟಜಿ, ಆಕಿ ಇನ್ ಬರಂಗಿಲ್ರೀ. ಕೈಯಾಗಿನ ಸ್ಪರ್ಶ ಹೋಗ್ಯದ ಅಂತ ಬರದು ತೋರಿಸ್ಯಾಳ. ಲಾತೂರಿಗಿ ಕರಕೊಂಡು ಹೋಗಿದ್ದೆ, ಡಾಕ್ಟರ ಏನೂ ಇಲ್ಲ ಅಂದ. ಆಕಿ ನಂಬಂಗಿಲ್ಲ. ಕಿವಿ ಇಲ್ದ ಹುಡುಗಿ, ಕೈನೂ ಹೋದ್ರ ಏನ್ ಮಾಡ್ಬೇಕ್ರೀ?'

'ಯಾವಾಗಿಂದ ಹಿಂಗ?' ಎಂದೆ.

'ಬಾಜೂಕ ಆಟ ಆಡ್ತಿದ್ಲಲ್ರೀ, ಅಲ್ಲಿ ಮೊದಲ ಗೊತ್ತಾತಂತ. ಎಲ್ಲಾರ ಕೈಯಾಗ ನಡಗ್ತದ, ನನ್ನ ಕೈಯಾಗ ನಡಗಂಗಿಲ್ಲ ಅಂತ ಅಳ್ತಾಳ.'

ಪಕ್ಕದಲ್ಲಿ ತನ್ನ ಬಾಗಿಲ ಬಳಿ ಕೂತಿದ್ದ ಅಂಬಣ್ಣನಿಗೆ ಎಲ್ಲ ಕೇಳಿಸಿತ್ತು. ಭರತ ಎದ್ದು ಹೋಗುವವರೆಗೂ ಅವನು ಬೆಸುಗೆಯ ಕಡ್ಡಿ ಹಿಡಿದು ಹಾಗೇ ಇದ್ದ. ಆಮೇಲೆ ಹುಡುಗರನ್ನು ಎಬ್ಬಿಸಿ ಕಳಿಸಿ, ಷಟರ್ ಎಳೆದು, ನನ್ನ ಗಾದಿಯ ತುದಿಗೆ ಬಂದು ಕೂತ. ನಡುಕ ಬಂದ್ ಮಾಡಿದ್ದನ್ನು ಹೇಳಿದ. ನಾನು ಬಾಯಿಗೆ ಬಂದಂತೆ ಬೈದೆ. ಒಂದು ಆಟಿಕೆಗೆ ಹೆದರುವ ನೀನು ಗಂಡಸೇನೋ ಎಂದೂ ಕೇಳಿದೆ. ಅವನು ಎಲ್ಲ ಬೈಸಿಕೊಂಡು ಆಮೇಲೆ ಮಾತಾಡಿದ.

'ಅಣ್ಣಾ, ನನಗ ಮುಕ್ತಾಬಾಯಿ ಅಂತ ಅಕ್ಕ ಇದ್ಲು. ಭೂಕಂಪ ಆಗೂಕಿಂತ ಮೊದಲ ಒಂದ್ ವರ್ಸ ನೆಲಾ ಆಗಾಗ ಗುರ್ ಅಂತಿತ್ತು, ನಿಮಗೂ ಗೊತ್ತದ. ಮಂದಿ ಹೆದರಿ ಅಂಗಳದಾಗ ಮಲಗ್ತಿದ್ರು, ಬ್ಯಾಸರಾಗಿ ಮತ್ತ ಒಳಗ ಹೋಗ್ತಿದ್ರು. ನಂದು ಹುಡುಗ ಬುದ್ಧಿ. ಅಕ್ಕಗ ನಿದ್ದಿ ಹತ್ತಿದ ಮ್ಯಾಲ ಹೊರಸಿನ ಕಾಲ ಹಿಡದು ಅಲುಗಸ್ತಿದ್ದೆ. ಭೂಕಂಪ ಅಂತ ಒದರ್ತಿದ್ದೆ. ಆಕಿ ಸೆರಗ ಸುದ್ದಾ ಹೊತಗೊಳ್ದ ಹೊರಗ ಓಡಿ ಬರ್ತಿದ್ಲು. ಮನ್ಯಾಗ ಎಲ್ಲಾರೂ ನಗ್ತಿದ್ರು. ಆಮ್ಯಾಲ ಆಕಿ ಏಳೂದು ಬಿಟ್ಟಳು.'

ಅವನು ಗಾದಿಯ ಮೇಲಿದ್ದ ಒಂದು ದಾರದ ಎಳೆ ಹೆಕ್ಕಿ ಬೆರಳಿಗೆ ಸುತ್ತಿಕೊಂಡ.

'ಆ ರಾತ್ರಿ ಗಣಪತಿ ಕಳಿಸಿ ಬಂದು ನಾ ಅಂಗಳದಾಗಽ ಬಿದ್ದುಕೊಂಡಿದ್ದೆ. ನೆಲಾ ಅಲುಗಿತು. ಅಕ್ಕಾ ಹೊರಗ ಬಾ ಅಂತ ಒದರಿದೆ. ಒಳಗಿಂದ ಆಕಿ ಅಂದ್ಲು, ಸಾಕ ಮಾಡೋ ಅಂಬ್ಯಾ, ಹೊರಸ ಬಿಡು, ಮಲಗಾಕ ಬಿಡು ಅಂತ. ಅಷ್ಟಽ ಅಣ್ಣಾ. ಅಷ್ಟರಾಗ ಮಾಳಿಗಿ ಕುಸದು ಬಿತ್ತು.'

ನಾನು ಅಂಗಡಿಯ ದೀಪ ಹಚ್ಚುವುದನ್ನೂ ಮರೆತಿದ್ದೆ. ಎದ್ದು ಹಚ್ಚಿ ಬಂದು ಕೂತೆ.

'ಸುಳ್ಳ ನಡುಕ ತೋರಿಸಿ ತೋರಿಸಿ ಆಕಿಗಿ ಖರೆ ನಡುಕಾನೂ ಸುಳ್ಳ ಅನ್ನೂಹಂಗ ನಾನಽ ಮಾಡಿದೆ. ಆ ಹುಡುಗರೂ ನಗ್ಕೋತ ಕುಂತ್ರಲ್ರೀ, ಒಬ್ಬನಾದ್ರೂ ಎದ್ದನೇನು? ಅದಕ್ಕಽ ಬಂದ್ ಮಾಡಿದೆ. ಈಗ ನೋಡ್ರಿ, ಈ ಹುಡುಗಿಗಿ ತನ್ನ ಕೈಯಽ ಸುಳ್ಳ ಅನ್ನಿಸಿಬಿಟ್ಟೆ. ಎರಡನೇ ಸಲ ಅಣ್ಣಾ.'

'ಎದ್ದೇಳು, ಯೆಣೆಗೂರಿಗಿ ಹೋಗೂಣು' ಎಂದೆ. 

ಇಬ್ಬರೂ ಎಸ್‌ಟಿ ಬಸ್ಸು ಹಿಡಿದು ಹೋದೆವು. ವೈಷ್ಣವಿ ಬ್ಯಾಂಡೇಜು ಕಟ್ಟಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ಅಂಬಣ್ಣ ಅವಳ ಮೊಬೈಲು ಕೇಳಿ ಪಡೆದು ಒಂದೇ ಬೆರಳಲ್ಲಿ ಬರೆಯತೊಡಗಿದ. ಎಷ್ಟು ಸಲ ಅಳಿಸಿದನೋ, ಎಷ್ಟು ಸಲ ಬರೆದನೋ. ಕೊನೆಗೆ ಕೊಟ್ಟದ್ದು ಇಷ್ಟೇ: 'ನಿನ್ನ ಕೈ ಬರೋಬ್ಬರಿ ಇದೆ ತಾಯಿ. ನಡುಕ ನಾನೇ ಬಂದ್ ಮಾಡಿದ್ದೆ. ನಿನಗೆ ಹೇಳಲಿಲ್ಲ. ತಪ್ಪು ನನ್ನದು.'

ಅವಳು ಓದಿದಳು. ಮುಖ ಅರಳುತ್ತದೆ ಎಂದು ನಾನು ಕಾದೆ. ಅವಳು ಮತ್ತೆ ಓದಿ, ಏನೋ ಬರೆದು ತಿರುಗಿ ಹಿಡಿದಳು: 'ಹುಡುಗರಿಗೆಲ್ಲ ಗೊತ್ತಿತ್ತಾ?'

ಅಂಬಣ್ಣ ಹೌದೆಂದು ತಲೆಯಾಡಿಸಿದ. ಹುಡುಗಿ ಎದ್ದು ಒಳಗೆ ಹೋಗಿ ಕದ ಹಾಕಿಕೊಂಡಳು. ಭರತ ಅವನ ಅಂಗಿ ಹಿಡಿದು ನೂಕಿದ, 'ನನ್ನ ಮಗಳ ಜೀವಾ ತಿಂದ್ರಲ್ರೀ' ಎಂದ. ಅಂಬಣ್ಣ ನೂಕಿಸಿಕೊಂಡು ಹಾಗೇ ನಿಂತ. ನಾನೇ ನಡುವೆ ಹೋಗಿ ಬಿಡಿಸಿದೆ.

ಬೆರಳು ಮಾಯ್ದ ಮೇಲೆ ವೈಷ್ಣವಿ ಕೆಲಸಕ್ಕೆ ಬಂದಳು. ಅಂಚು ಮೊದಲಿನಂತೆ ನೆಟ್ಟಗೆ ಬರುತ್ತದೆ. ಆದರೆ ಯಂತ್ರದ ಮೇಲೆ ಕೈಯಿಟ್ಟವಳು ಒಮ್ಮೆ ಬಗ್ಗಿ, ಚಕ್ರ ನಿಜವಾಗಿ ತಿರುಗುತ್ತಿದೆಯೇ ಎಂದು ಕಣ್ಣಿಂದ ನೋಡುತ್ತಾಳೆ. ಮೊದಲು ಹಾಗೆ ನೋಡುತ್ತಿರಲಿಲ್ಲ. ಅದನ್ನು ಕಂಡಾಗಲೆಲ್ಲ, ಮೇಜು ಕುಟ್ಟಿದ ನನ್ನ ಕೈಯನ್ನು ಎಲ್ಲಿ ಬಚ್ಚಿಡಲಿ ಅನಿಸುತ್ತದೆ.

ಮಳೆಗಾಲ ಶುರುವಾದ ಮೇಲೆ ಅವಳು ಅಂಬಣ್ಣನ ಅಂಗಡಿಯ ಹೊಸ್ತಿಲನ್ನೂ ತುಳಿದಳು. ಅವನು ನಡುಕ ಚಾಲೂ ಮಾಡಿಟ್ಟಿದ್ದ. ಮೇಜಿನ ಮೇಲೆ ದಪ್ಪ ಕೌದಿ ಹಾಸಿ, ಆ ಗುಂಯ್ ಸಪ್ಪಳವನ್ನು ಹಲ್ಲು ಕಚ್ಚಿ ಸಹಿಸುತ್ತಿದ್ದ. ಅವಳು ರಿಮೋಟು ಹಿಡಿದು ಆಟ ಶುರು ಮಾಡಿದಳು. ಗಾಡಿ ಖಡಿ ರಸ್ತೆಗೆ ಇಳಿಯಿತು. ಅದು ಅವಳ ಕೈಯಲ್ಲಿ ನಡುಗುತ್ತಿದ್ದುದು ನಮಗೆ ಕಾಣುತ್ತಿತ್ತು. ಆದರೂ ಆಟ ನಿಲ್ಲಿಸಿ, ಬಾಗಿಲ ಕಡೆ ತಿರುಗಿ ಅಂಬಣ್ಣನ ಮುಖ ನೋಡಿದಳು. ಹೌದೇ ಎಂಬ ಹಾಗೆ. ಅವನು ತಲೆಯಾಡಿಸಿದ ಮೇಲೆಯೇ ಮುಂದಕ್ಕೆ ಓಡಿಸಿದಳು. ಅಂದಿನಿಂದ ದಿನವೂ ಹೀಗೇ.

ಒಂದು ಸಂಜೆ ಅವನು ನಿಲಂಗಾಕ್ಕೆ ಮದುವೆಗೆಂದು ಹೋಗಿ, ಅಂಗಡಿ ನೋಡಿಕೊಳ್ಳಲು ನನಗೆ ಹೇಳಿದ್ದ. ವೈಷ್ಣವಿ ರಿಮೋಟು ಹಿಡಿದು ಬಾಗಿಲ ಕಡೆ ನೋಡಿದಳು. ಖಾಲಿ ಕುರ್ಚಿ. ನನ್ನ ಕಡೆ ನೋಡಿದಳು. ನಾನು ಹೌದು ಹೌದು ಎಂದು ಜೋರಾಗಿ ತಲೆಯಾಡಿಸಿದೆ, ಎರಡೂ ಕೈಯೆತ್ತಿ ಆಣೆ ಮಾಡಿ ತೋರಿಸಿದೆ. ಅವಳು ನನ್ನನ್ನು ನಂಬಲಿಲ್ಲ. ರಿಮೋಟನ್ನು ಕೌದಿಯ ಮೇಲೆ ಮೆಲ್ಲಗೆ ಇಟ್ಟು, ಬಸ್ಸು ಬರುವವರೆಗೆ ಕೈ ಕಟ್ಟಿಕೊಂಡು ಕೂತು, ಎದ್ದು ಹೋದಳು.

ಮರುದಿನ ನಾನು ಅದನ್ನು ಹೇಳಿದಾಗ ಅಂಬಣ್ಣ ಅಲ್ಲಿಯೇ ಹೊಸ್ತಿಲ ಮೇಲೆ ಕೂತು ಅತ್ತ. ನನಗೆ ಈಗಲೂ ತಿಳಿಯುವುದಿಲ್ಲ, ಮೋಸ ಮಾಡಿದವನ ಮುಖವೇ ಅವಳಿಗೆ ಯಾಕೆ ಬೇಕು ಎಂದು. ಪ್ರತಿ ವರ್ಷ ಅಕ್ಕ ಹೋದ ದಿನ ಅವನು ಹಳೆಯ ಊರಿಗೆ ಹೋಗಿ, ಮನೆಯಿದ್ದ ಜಾಗದಲ್ಲಿ ದೀಪ ಹಚ್ಚಿ, ಸಂಜೆಯವರೆಗೂ ಅಲ್ಲೇ ಕೂತು ಬರುತ್ತಿದ್ದ. ಈ ಸಲ ದೀಪ ಹಚ್ಚಿದವನೇ ಊಟಕ್ಕೂ ನಿಲ್ಲದೆ ಹೊರಟು, ವೈಷ್ಣವಿಯ ಕೆಲಸ ಮುಗಿಯುವ ಮೊದಲೇ ಬಂದು ತನ್ನ ಕುರ್ಚಿಯಲ್ಲಿ ಕೂತಿದ್ದ.