ಗುರುವಪ್ಪನ ಕೊನೆಯ ಆಟವೂ ಮಧ್ವರಾಜರ ಪ್ರಾರ್ಥನೆಯೂ

ಗುರುವಪ್ಪ ಮೀನುಸಾರನ್ನು ಅನ್ನಕ್ಕೆ ಹಾಕಿಕೊಳ್ಳಲು ಹೋಗಿ ಬಟ್ಟಲಿನ ಹೊರಗೆ ನೆಲಕ್ಕೆ ಸುರಿದ ದಿನವೇ ಅಪ್ಪಿಗೆ ವಿಷಯ ಗೊತ್ತಾಯಿತು.

"ಎಂತ ಮಾರಾಯ್ರೆ, ನೆಲಕ್ಕೆ ಹಸಿವಾ?" ಎಂದು ಅವಳು ನಕ್ಕಳು. ಗಂಡನೂ ನಕ್ಕು ಬಟ್ಟೆ ತೆಗೆದುಕೊಂಡು ಒರೆಸತೊಡಗಿದ. ಸಾರು ಚೆಲ್ಲಿದ್ದು ಒಂದು ಕಡೆ, ಅವನು ಒರೆಸುತ್ತಿದ್ದುದು ಇನ್ನೊಂದು ಕಡೆ. ಅಪ್ಪಿಯ ನಗು ಅಲ್ಲೇ ನಿಂತಿತು.

ವಾಶಿಯ ಕಣ್ಣಿನ ಡಾಕ್ಟರು ಸುತ್ತಿಬಳಸಲಿಲ್ಲ. ಎಡಗಣ್ಣು ಆಗಲೇ ಮಂಜು. ಬಲಗಣ್ಣಿನ ಒಳಪರದೆ ಸಡಿಲಾಗಿದೆ. ತಲೆಗೆ ಇನ್ನೊಂದು ಗಟ್ಟಿ ಪೆಟ್ಟು ಬಿದ್ದರೆ ಆಮೇಲೆ ಯಾರೂ ಏನೂ ಮಾಡಲಾರರು.

"ಇದೊಂದು ಆಟ ಮುಗಿಸ್ತೇನೆ," ಎಂದ ಗುರುವಪ್ಪ.

ಆ "ಇದೊಂದು" ಶುರುವಾಗಿ ಆಗಲೇ ನಾಲ್ಕು ವರ್ಷ ದಾಟಿತ್ತು. ಕಾಪುವಿನ ಕಡೆಯಿಂದ ಮರಾಠಿ ನಾಡಿನ ಹೋಟೆಲಿಗೆ ಬಟ್ಟಲು ತೊಳೆಯಲು ಬಂದ ಹುಡುಗ, ಎಮ್ಮೆಯಂಥ ಮೈಕಟ್ಟಿನಿಂದಾಗಿ ಯಾರದೋ ಕಣ್ಣಿಗೆ ಬಿದ್ದು, ರಿಂಗಿಗೆ ಇಳಿದು, ಜಿಲ್ಲೆಯ ಹೆವಿವೇಟ್ ಚಾಂಪಿಯನ್ ಆದವನು. ಎರಡು ಸಾವಿರದ ಐದರಲ್ಲಿ, ಪಟ್ಟ ಇನ್ನೂ ಕೈಯಲ್ಲಿರುವಾಗಲೇ, ಸಾಕು ಎಂದಿದ್ದ. ತುರ್ಭೆಯಲ್ಲಿ ಹಮಾಲರ ಮಕ್ಕಳಿಗೆ ಬೆಳಿಗ್ಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದ. ಅಂದೇ ಬಿಟ್ಟಿದ್ದರೆ ಈಗಲೂ ಅದನ್ನೇ ಮಾಡಿಕೊಂಡು, ಎರಡು ಕಣ್ಣಿನ ಮನುಷ್ಯನಾಗಿ ಇರುತ್ತಿದ್ದ. ಆದರೆ ಅವನ ಮೈ ಅವನೊಬ್ಬನ ಸ್ವತ್ತಾಗಿರಲಿಲ್ಲ. ಅದರ ಮೇಲೆ ಮಧ್ವರಾಜರ ಬೋರ್ಡು ಬಿದ್ದಿತ್ತು.

ಮಧ್ವರಾಜರು ಘಣಸೋಲಿಯ ಬಾರಿನ ಮಾಲೀಕರು, ಡೊಂಬಿವಲಿಯ ನಮ್ಮ ಕನ್ನಡ ಸಂಘದ ಅಧ್ಯಕ್ಷರು. ಗುರುವಪ್ಪ ಅವರ ಬಾರಿನ ಬಾಗಿಲಲ್ಲಿ ನಿಲ್ಲುತ್ತಿದ್ದ. ಗಲ್ಲಾದ ಹಿಂದೆ ಲಕ್ಷ್ಮಿಯ ಪಕ್ಕದಲ್ಲಿ ಅವನದೇ ಫೋಟೊ, ಗ್ಲೌಸ್ ಎತ್ತಿ ಹಿಡಿದದ್ದು. ಸಾಕು ಎಂದ ದಿನ ಮಧ್ವರಾಜರು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದು ಇಷ್ಟೇ: "ಗುರುವಾ, ಚಾಂಪಿಯನ್ ಬಾಗಿಲಲ್ಲಿ ನಿಂತ್ರೆ ಅದು ಹೋಟ್ಲಿನ ಮರ್ಯಾದೆ. ಮಾಜಿ ಚಾಂಪಿಯನ್ ನಿಂತ್ರೆ ಅವ ವಾಚ್‌ಮನ್. ನೀನೇ ಆಲೋಚನೆ ಮಾಡು."

ಎಷ್ಟು ಮೆತ್ತಗಿನ ಕೈ, ಎಂಥ ಹೊಡೆತ! ರಿಂಗಿನಲ್ಲಿ ಯಾರೂ ಅವನಿಗೆ ಅಷ್ಟು ಸರಿಯಾಗಿ ಹೊಡೆದಿರಲಿಲ್ಲ.

ಎರಡು ಸಾವಿರದ ಒಂಬತ್ತರ ವಾರ್ಷಿಕೋತ್ಸವಕ್ಕೆ ಸಂಘದವರು ಮೈದಾನದಲ್ಲೇ ಪೆಂಡಾಲು ಹಾಕಿಸಿ ಪಂದ್ಯ ಇಟ್ಟರು. ಎದುರಾಳಿ ಚಂದ್ರಾಮ, ಕಲಬುರಗಿ ಕಡೆಯವನು, ತುರ್ಭೆ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು. ಅವನಿಗೆ ಕೈ ಮುಷ್ಟಿ ಕಟ್ಟುವುದನ್ನು ಕಲಿಸಿದವನೇ ಗುರುವಪ್ಪ. ಪಾಂಪ್ಲೆಟ್ಟಿನಲ್ಲಿ "ನಮ್ಮ ಹೆಮ್ಮೆಯ ಕನ್ನಡಿಗ" ಎಂದು ಗುರುವಪ್ಪನ ಹೆಸರಿತ್ತು. ಚಂದ್ರಾಮನ ಹೆಸರಿನ ಮುಂದೆ ಏನೂ ಇರಲಿಲ್ಲ. ಮೂಟೆ ಹೊರುವವನು ಯಾವ ಭಾಷೆಯಲ್ಲಿ ಏದುಸಿರು ಬಿಡುತ್ತಾನೆಂದು ಕೇಳುವ ಪುರುಸೊತ್ತು ಸಂಘಗಳಿಗೆ ಎಲ್ಲಿಂದ ಬರಬೇಕು?

ಪಂದ್ಯದ ಹಿಂದಿನ ದಿನ ಚಂದ್ರಾಮ ಗುರುವಪ್ಪನ ಮನೆಗೆ ಬಂದ. ಒಳಗೆ ಬರಲಿಲ್ಲ.

"ಅಕ್ಕಾರ, ಗುರುಗೋಳಿಗೆ ಹೇಳ್ರಿ, ಬ್ಯಾಡ ಅನ್ರಿ. ಹೊಡೀಲಿಲ್ಲಂದ್ರ ಮಂದಿ ನಾಟಕ ಅಂತಾರ. ಹೊಡದ್ರ ನಂಗ ಅನ್ನ ಸೇರೂದಿಲ್ಲ."

"ನೀನೇ ಬರ್ಲಿಕ್ಕಿಲ್ಲ ಅಂತ ಹೇಳು ಮಾರಾಯಾ."

"ಬೇರೆ ಯಾವನರೆ ಬರ್ತಾನ ಅಕ್ಕಾರ. ಅಂವಗ ಗುರುಗೋಳ ಕಣ್ಣಿನ ಸುದ್ದಿ ಗೊತ್ತಿರಂಗಿಲ್ಲ."

ಮಗಳು ಪ್ರೇಕ್ಷಾ ಒಳಗಿನಿಂದಲೇ, "ಪಪ್ಪಾ, ಅಬ್ ಬಸ್ ಕರೋ ನಾ, ಸಾಕಿನ್ನು," ಎಂದು ಕೂಗಿದಳು. ಗುರುವಪ್ಪ ಟಿವಿಯ ಸದ್ದು ಜಾಸ್ತಿ ಮಾಡಿದ.

ಅಪ್ಪಿಗೆ ಉಳಿದದ್ದು ಒಂದೇ ದಾರಿ. ನಮ್ಮವರಲ್ಲಿ ಯಾವ ಕಾರ್ಯವಾದರೂ ಮೊದಲು ಪ್ರಾರ್ಥನೆಯಾಗಬೇಕು. ದೀಪದ ಮುಂದೆ ಹಿರಿಯರೊಬ್ಬರು ಎಲ್ಲರ ಪರವಾಗಿ ದೇವರಲ್ಲಿ ಗಟ್ಟಿಯಾಗಿ ಅರಿಕೆ ಮಾಡುವುದು, ಮಾತು ಮಾತಿಗೂ ಕೂಡಿದವರು ಕೈಮುಗಿದು "ಹೌದು ಸ್ವಾಮೀ" ಎನ್ನುವುದು; ಒಬ್ಬರಾದರೂ ಹಾಗೆನ್ನದೆ ಪ್ರಾರ್ಥನೆ ಕೂಡುವುದಿಲ್ಲ. ಅಲ್ಲಿ ಆಡಿದ ಮಾತು ತಪ್ಪಿದರೆ ಆಡಿದವರ, ಹೌದೆಂದವರ ಮನೆತನಕ್ಕೇ ಕೇಡು. ಇದನ್ನು ಅವಳ ಅಜ್ಜಿ ಹೇಳಿದ್ದಳು, ಅಜ್ಜಿಗೆ ಅವಳ ಅಜ್ಜಿ.

ಮರುದಿನ ಮಧ್ವರಾಜರು ಪ್ರಾರ್ಥನೆಗೆ ನಿಂತಾಗ, "ನಮ್ಮ ಗುರುವಪ್ಪನಿಗೆ ಜಯವಾಗಲಿ" ಎಂದು ಮುಗಿಸುವ ಮೊದಲೇ, ಅವಳು ಹೆಂಗಸರ ಸಾಲಿನಿಂದ ಎದ್ದು ನಿಂತಳು.

"ಧಣಿಗಳೇ, ಇವರ ಕಣ್ಣು ಹೋದ್ರೆ ನೋಡುವವರು ಯಾರು ಅಂತಲೂ ದೇವರಿಗೆ ಹೇಳಿ."

ಈ ಮನುಷ್ಯ ದೀಪದ ಮುಂದೆ ಸುಳ್ಳು ಹೇಳಲಾರ, ತಡವರಿಸುತ್ತಾನೆ, ಪಂದ್ಯ ನಿಲ್ಲುತ್ತದೆ. ಅವಳ ಲೆಕ್ಕ ಇದು.

ಮಧ್ವರಾಜರು ತಡವರಿಸಲೇ ಇಲ್ಲ. ಕಣ್ಣು ಮುಚ್ಚಿ, ಕಂಠ ತುಂಬಿ, "ಸ್ವಾಮೀ, ಇವ ಈ ಸಂಘದ ಮಗ. ಇವನಿಗೆ ಏನೇ ಆದ್ರೂ ಜೀವ ಇರುವವರೆಗೆ ನನ್ನ ಬಾಗಿಲು ಇವನಿಗೆ ಮುಚ್ಚುವುದಿಲ್ಲ" ಎಂದರು. ಮುನ್ನೂರು ಬಾಯಿ "ಹೌದು ಸ್ವಾಮೀ" ಎಂದಿತು.

ಅಪ್ಪಿ ಕೂತಳು. ಇನ್ನೇನು ಮಾಡಿಯಾಳು? ದೇವರಿಗೆ ಹೆದರುವವರೆಲ್ಲ ಮಾಡುವ ತಪ್ಪು ಅದು: ಎದುರಿನವನೂ ಹೆದರುತ್ತಾನೆಂದು ನಂಬುವುದು.

ಚಂದ್ರಾಮ ಮೊದಲ ರೌಂಡು ಪೂರ್ತಿ ಗಾಳಿಗೆ ಹೊಡೆದ. ಜನ ಶಿಳ್ಳೆ ಹಾಕಿದರು. "ಏ ಹಮಾಲಿ, ಅಪ್ಪಿಕೊಳ್ಳಲಿಕ್ಕೆ ಬಂದದ್ದಾ?" ಎಂದು ಹರಿಶ್ಚಂದ್ರ ಎಂಬ ಕ್ಯಾಟರಿಂಗಿನವನು ಸೋಫಾದಿಂದ ಕೂಗಿದ. ಎರಡನೇ ರೌಂಡಿನಲ್ಲಿ ಇಬ್ಬರೂ ಹಗ್ಗಕ್ಕೆ ಒರಗಿದಾಗ ಗುರುವಪ್ಪ ಶಿಷ್ಯನ ಕಿವಿಯಲ್ಲಿ ಏನೋ ಹೇಳಿದ. ಅದೇನೆಂದು ಚಂದ್ರಾಮ ಆಮೇಲೆ ಅಪ್ಪಿಯ ಕಾಲ ಬಳಿ ಕೂತು ಅಳುತ್ತ ಹೇಳಿದ: "'ಹೊಡಿ ಮಾರಾಯಾ, ನನ್ನ ಮರ್ಯಾದೆ ತೆಗೀಬೇಡ' ಅಂದ್ರು ಅಕ್ಕಾರ."

ಒಂದೇ ಹೊಡೆತ. ಗುರುವಪ್ಪ ಬೀಳಲಿಲ್ಲ. ನಿಂತಲ್ಲೇ ತಿರುಗಿ, ಹಗ್ಗವನ್ನು ಕೈಯಲ್ಲಿ ಹುಡುಕತೊಡಗಿದ. ಜನರಿಗೆ ಅದೂ ತಮಾಷೆಯಾಗಿಯೇ ಕಂಡಿತು.

ಬಲಗಣ್ಣು ಹೋಯಿತು. ಎಡಗಣ್ಣಿನಲ್ಲಿ ನೆರಳು ಮಾತ್ರ. ಆಪರೇಷನ್ ಮುಗಿಸಿ ಬಾರಿಗೆ ಹೋದರೆ ಬಾಗಿಲಲ್ಲಿ ಸಫಾರಿ ಹಾಕಿದ ಬೇರೊಬ್ಬ ನಿಂತಿದ್ದ. "ಫ್ಯಾಮಿಲಿ ಕಸ್ಟಮರ್ಸ್ ಬರ್ತಾರಲ್ಲ ಅಪ್ಪಿ, ಆ ಕಣ್ಣು ನೋಡಿ ಮಕ್ಕಳು ಹೆದರ್ತಾವೆ," ಎಂದರು ಮಧ್ವರಾಜರು. "ಮುಂದಿನ ವಾರ್ಷಿಕೋತ್ಸವಕ್ಕೆ ಭರ್ಜರಿ ಸನ್ಮಾನ ಮಾಡುವ." ಫೋಟೊ ಮಾತ್ರ ಲಕ್ಷ್ಮಿಯ ಪಕ್ಕದಲ್ಲೇ ಇತ್ತು. ಅದಕ್ಕೆ ಎರಡೂ ಕಣ್ಣಿತ್ತು, ಸಂಬಳ ಬೇಕಿರಲಿಲ್ಲ.

ಸನ್ಮಾನ ಬೇಡವೆಂದು ಅಪ್ಪಿ ಹಟ ಹಿಡಿದಳು. ಗುರುವಪ್ಪ ಕೇಳಲಿಲ್ಲ. "ಕರೆದಿದ್ದಾರಲ್ಲ, ಹೋಗದಿದ್ರೆ ಅಹಂಕಾರ ಅಂತಾರೆ," ಎಂದು ಇಸ್ತ್ರಿಯ ಅಂಗಿ ಹಾಕಿಕೊಂಡು ಹೊರಟೇಬಿಟ್ಟ. ಲೋಕಲ್ ರೈಲಿನಲ್ಲಿ ಅವನ ಕೈ ಹಿಡಿದು ಕರೆತಂದವಳು ಅಪ್ಪಿಯೇ.

ವೇದಿಕೆಯಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ. ದೀಪ ಹಚ್ಚಿದರು. ಮಧ್ವರಾಜರು ಕೈಮುಗಿದರು. ಆ ವರ್ಷ ಅವರಿಗೆ ಪಕ್ಕದ ಕಲ್ಯಾಣದಲ್ಲಿ ಹೊಸ ಹೋಟೆಲು ಶುರುವಾಗುವುದಿತ್ತು. ಅಪ್ಪಿ ಈ ಸಲ ವೇದಿಕೆಯ ಮೇಲೆಯೇ, ಗಂಡನ ಕುರ್ಚಿಯ ಹಿಂದೆಯೇ ನಿಂತಿದ್ದಳು.

"ನಿಲ್ಲಿ ಧಣಿಗಳೇ. ಹಳೆಯ ಮಾತು ತೀರಿಸದೆ ಹೊಸ ಪ್ರಾರ್ಥನೆ ಮಾಡ್ಲಿಕ್ಕುಂಟಾ? ಬಾಗಿಲು ಮುಚ್ಚುವುದಿಲ್ಲ ಅಂತ ಇದೇ ದೀಪದ ಮುಂದೆ ಹೇಳಿದ್ರಿ. ಇವರೆಲ್ಲ ಹೌದು ಅಂದಿದ್ದಾರೆ. ತಪ್ಪಿದ್ದು ನೀವು. ದೋಷ ಯಾರ್ಯಾರ ಮನೆಗೆ ಬರ್ತದೆ ಅಂತ ಇವರನ್ನೇ ಕೇಳಿ."

"ಕೂತ್ಕೊ ಅಪ್ಪಿ, ಶುಭ ಕಾರ್ಯದಲ್ಲಿ ಎಂತ ಇದು?" ಮಧ್ವರಾಜರು ಮೈಕಿನತ್ತ ತಿರುಗಿ ಶುರುಮಾಡಿಯೇಬಿಟ್ಟರು. "ಸ್ವಾಮೀ, ಕೂಡಿದ ಈ ಹತ್ತು ಸಮಸ್ತರ ಪರವಾಗಿ..."

ಹತ್ತು ಸಮಸ್ತರು ಬಾಯಿ ತೆರೆಯಲಿಲ್ಲ. ಮುಂದಿನ ಸಾಲಿನ ಹರಿಶ್ಚಂದ್ರ ಮುಗಿದ ಕೈ ಬಿಚ್ಚಿ ಜೇಬಿಗೆ ಹಾಕಿಕೊಂಡ. ನ್ಯಾಯಕ್ಕಾಗಿ ಅಲ್ಲ. ಗುರುವಪ್ಪನ ಕಣ್ಣು ಹೋದಾಗ ಸುಮ್ಮನಿದ್ದವರು, ದೋಷ ತಮ್ಮ ಮನೆಗೆ ಬಂದೀತೆಂದು ಈಗಲೂ ಸುಮ್ಮನಿದ್ದರು. ಮಧ್ವರಾಜರು ಗಂಟಲು ಸರಿಮಾಡಿಕೊಂಡು ಅದೇ ಮಾತನ್ನು ಎರಡನೇ ಸಲ ಹೇಳಿದರು. ಹಣೆಯಲ್ಲಿ ಬೆವರು. ಕೊನೆಗೂ ಆ ಮನುಷ್ಯ ಹಗ್ಗಕ್ಕೆ ಒರಗಿದ್ದ.

ಆಗ ಕುರ್ಚಿಯಲ್ಲಿ ಕೂತ ಗುರುವಪ್ಪ, ಪೇಟದ ತಲೆ ಬಾಗಿಸಿ, ಎರಡೂ ಕೈ ಜೋಡಿಸಿ, ತುಂಬಿದ ಸಭೆಗೆಲ್ಲ ಕೇಳುವ ಹಾಗೆ ಒಬ್ಬನೇ ಹೇಳಿದ:

"ಹೌದು ಸ್ವಾಮೀ."

ಅಪ್ಪಿ ಹಿಂದಿನಿಂದ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ತಡವಾಗಿತ್ತು.