ಓರಿನ್ ಲಿಂಡಲ್‌ನ ಎರಡು ಬೇಸಿಗೆಯ ಮುಳ್ಳಿನ ಲೆಕ್ಕ

ಓರಿನ್ ಲಿಂಡಲ್‌ನ ಮನೆಯ ಹಿಂಬಾಗಿಲ ಹೊರಗೆ ಎರಡು ಥರ್ಮಾಮೀಟರುಗಳು ತೂಗುತ್ತವೆ. ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡಲಿ ಎಂದು. ಎರಡೂ ಬೇರೆ ಬೇರೆ ಹೇಳಿದಾಗ ಏನು ಮಾಡುತ್ತೀ ಎಂದು ಯಾರಾದರೂ ಕೇಳಿದರೆ, ಮೂರನೆಯದನ್ನು ಹುಡುಕುತ್ತಿದ್ದೇನೆ ಎನ್ನುತ್ತಾನೆ. ಹೀಗೆ ಹೇಳಿ ಎಲ್ಲರಿಗಿಂತ ಮೊದಲು ನಗುವವನೂ ಅವನೇ.

ಅವನಿಗೀಗ ಐವತ್ತೇಳು. ಹುಟ್ಟಿದ್ದು, ಬೆಳೆದದ್ದು, ಬೇರೂರಿದ್ದು ಎಲ್ಲ ಕೊಲರಾಡೋದ ಪಶ್ಚಿಮದ ಅಂಚಿನ ಫ್ರೂಟಾದಲ್ಲಿ. ಇಪ್ಪತ್ತೊಂಬತ್ತು ವರ್ಷಗಳಿಂದ ಕೌಂಟಿಯ ನೀರು ಪರೀಕ್ಷಾಲಯದಲ್ಲಿದ್ದಾನೆ. ಒಂದೇ ಸೀಸೆಯ ನೀರನ್ನು ಮೂರು ಸಲ ಅಳೆಯುವುದು ಅಲ್ಲಿನ ಪದ್ಧತಿ. ಆ ಪದ್ಧತಿ ಮನೆಗೂ ಅಂಟಿಕೊಂಡಿತೋ, ಮೊದಲೇ ಹಾಗಿದ್ದವನಿಗೆ ತಕ್ಕ ಕೆಲಸ ಸಿಕ್ಕಿತೋ, ಅವನಿಗೇ ಖಚಿತವಿಲ್ಲ. ಯೊಲಾಂಡಳನ್ನು ಮದುವೆಯಾಗುವುದೋ ಬೇಡವೋ ಎಂದು ಹದಿನಾಲ್ಕು ತಿಂಗಳು ತೂಗಿ ನೋಡಿದ್ದ. ಶಾಲೆಯ ಬಸ್ಸು ಓಡಿಸುವ ಯೊಲಾಂಡ ಹದಿನೈದನೆಯ ತಿಂಗಳು ತಾನೇ ದಿನ ಗೊತ್ತುಮಾಡಿ, ಯಾವ ಅಂಗಿ ಹಾಕಿಕೊಂಡು ಬರಬೇಕೆಂದು ಅವನಿಗೆ ತಿಳಿಸಿದಳು.

ಆ ಊರಿನಲ್ಲಿ ಗುಡ್ಡ ಹತ್ತುವ ಸೈಕಲ್ ಇಲ್ಲದ ಮನೆ ಕಡಿಮೆ. ನೆಗ್ಗಿಲ ಮುಳ್ಳಿಲ್ಲದ ದಾರಿಯಂತೂ ಇಲ್ಲವೇ ಇಲ್ಲ. ಕೊಂಬಿರುವ ಆ ಕಾಯಿಗೆ ಅವರು ಆಡಿನ ತಲೆ ಎನ್ನುತ್ತಾರೆ. ಹೇಗೆ ಬಿದ್ದರೂ ಒಂದು ಕೊಂಬು ಮೇಲೆಯೇ ಇರುತ್ತದೆ. ಅದಕ್ಕೆ ಹೆದರಿ ಊರವರೆಲ್ಲ ಹತ್ತು ವರ್ಷ ಹಿಂದೆಯೇ ಟ್ಯೂಬನ್ನು ಬಿಸಾಡಿ ಟ್ಯೂಬ್‌ಲೆಸ್ ಟೈರಿಗೆ ಬಂದಿದ್ದರು. ಅದರೊಳಗೆ ಅರ್ಧ ಲೋಟದಷ್ಟು ಬಿಳಿ ದ್ರವ ಹಾಕಿರುತ್ತಾರೆ. ಅಂಗಡಿಯವರ ಬಾಯಲ್ಲಿ ಅದು ಹಾಲು. ಮುಳ್ಳು ಚುಚ್ಚಿದ ಕಡೆ ಹಾಲು ನುಗ್ಗಿ, ಹೆಪ್ಪುಗಟ್ಟಿ, ತೂತನ್ನು ಮುಚ್ಚುತ್ತದೆ.

ಓರಿನ್ ಮಾತ್ರ ಟ್ಯೂಬಿನಲ್ಲೇ ಉಳಿದ. ಎಲ್ಲರೂ ಹೇಳುತ್ತಾರೆ ಎಂಬುದು ಪುರಾವೆಯಲ್ಲ ಎಂಬುದು ಅವನ ವಾದ. ಪುರಾವೆ ಬರುವವರೆಗೆ ಅವನು ದಾರಿಬದಿಯಲ್ಲಿ ಕೂತು ಪಂಕ್ಚರ್ ಹಾಕುತ್ತಿದ್ದ. ಹಾದುಹೋಗುವವರು, ಏನು ಓರಿನ್, ಸಂಶೋಧನೆ ಎಲ್ಲಿಗೆ ಬಂತು, ಎಂದು ಕೇಳಿಕೊಂಡೇ ಹೋಗುತ್ತಿದ್ದರು.

ಇದರಿಂದ ಯಾರಿಗಾದರೂ ನಷ್ಟವಾಗಿದ್ದರೆ ಅದು ಯೊಲಾಂಡಳಿಗೆ. ಊರಿನ ಉತ್ತರಕ್ಕೆ ಒಂಟಿ ಜುನಿಪರ್ ಸುತ್ತು ಎಂಬ ಮೂವತ್ತೆರಡು ಮೈಲಿಯ ಕಾಡುದಾರಿಯಿದೆ. ಇಪ್ಪತ್ತನೆಯ ಮೈಲಿಯಲ್ಲಿ ಕೆಂಪು ಬಂಡೆಯ ತುದಿ ಸಿಗುತ್ತದೆ. ಅಲ್ಲಿಂದ ನದಿ ಮೂರು ಕಡೆ ತಿರುಗುವುದು ಕಾಣುತ್ತದಂತೆ. ಗಂಡನ ಜೊತೆ ಒಂದು ಸಲ ಆ ಸುತ್ತನ್ನು ಮುಗಿಸಬೇಕೆಂದು ಅವಳು ಮೂರು ಅಕ್ಟೋಬರ್ ಹೊರಟಳು. ಒಮ್ಮೆ ಒಂಬತ್ತನೆಯ ಮೈಲಿಯಿಂದ, ಒಮ್ಮೆ ಹದಿನಾಲ್ಕರಿಂದ, ಒಮ್ಮೆ ಹನ್ನೊಂದರಿಂದ, ಸೈಕಲ್ ತಳ್ಳುವ ಗಂಡನ ಪಕ್ಕದಲ್ಲಿ ತಾನೂ ತಳ್ಳಿಕೊಂಡು ನಡೆದು ಬಂದಳು. ಈ ವರ್ಷ ನವೆಂಬರಿನಲ್ಲಿ ಅವಳ ಬಲಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಇತ್ತು. ಆಮೇಲೆ ಗುಡ್ಡ ಹತ್ತಬಹುದೇ ಎಂದು ಕೇಳಿದರೆ ಡಾಕ್ಟರು, ಆಮೇಲೆ ನೋಡೋಣ, ಎಂದಿದ್ದರು.

"ಅಕ್ಟೋಬರ್ ಎರಡನೇ ಶನಿವಾರ ಹೊರಡೋದು," ಎಂದಳು ಯೊಲಾಂಡ. "ಈ ಸಲ ನಿಂದು ಪಂಕ್ಚರ್ ಆದ್ರೆ ನೀನು ನಡ್ಕೊಂಡು ಬಾ. ನಾನು ಹೋಗ್ತಿರ್ತೀನಿ. ಸಿಟ್ಟಲ್ಲ ಮಾರಾಯ, ಮಂಡಿ ಕಾಯಲ್ಲ."

ಓರಿನ್ ತಳಮಳಗೊಂಡ. ತಳಮಳವಾದಾಗ ಮಾಡುವಂತೆ ತನ್ನ ಅಂಕಿಗಳನ್ನು ತೆರೆದು ಕೂತ. ಎರಡು ಬೇಸಿಗೆಯಿಂದ ಅವನು ಇಬ್ಬರ ಸೈಕಲ್‌ಗಳ ಪಂಕ್ಚರ್‌ಗಳನ್ನೂ ಬರೆದಿಟ್ಟಿದ್ದ. ಅವನ ಸೈಕಲ್, ಟ್ಯೂಬು: ಮೂವತ್ತೆಂಟು. ಅವಳ ಸೈಕಲ್, ಟ್ಯೂಬು: ಸೊನ್ನೆ. ಅದೇ ದಾರಿ, ಅದೇ ದಿನ, ಅದೇ ಮುಳ್ಳು. ಅಂದ ಮೇಲೆ ತಪ್ಪು ಟ್ಯೂಬಿನದಲ್ಲ, ಸವಾರನದು. ಅವನು ಭಾರ ಜಾಸ್ತಿ, ತಿರುವಿನಲ್ಲಿ ದಾರಿಯಂಚಿಗೆ ಇಳಿಯುತ್ತಾನೆ. ತರ್ಕದಲ್ಲಿ ಬಿರುಕಿರಲಿಲ್ಲ. ಅವನು ಪೀಚ್ ಪೈ ಬಿಟ್ಟ, ಬಿಯರ್ ಬಿಟ್ಟ, ಆರು ವಾರದಲ್ಲಿ ಹನ್ನೊಂದು ಪೌಂಡ್ ಇಳಿದ. ಅರ್ಧ ಲೋಟ ಹಾಲು ಹಾಕಿಸುವುದರ ಬದಲು ಹೊಟ್ಟೆಯನ್ನೇ ಕರಗಿಸಿದ ಮನುಷ್ಯ ಈ ಕಣಿವೆಯಲ್ಲಿ ತಾನೊಬ್ಬನೇ ಇರಬೇಕು ಎಂದು ಮುಂದೆ ಅವನೇ ಹೇಳಿಕೊಂಡು ತಿರುಗಿದ.

ಶನಿವಾರಕ್ಕೆ ಮೂರು ದಿನವಿದ್ದಾಗ ಆರು ಹೊಸ ಟ್ಯೂಬು ಕೊಳ್ಳಲು ನಾಂಡೋ ಬಾಕಾನ ಸೈಕಲ್ ಅಂಗಡಿಗೆ ಹೋದ. ನಾಂಡೋ ಟ್ಯೂಬುಗಳನ್ನು ಕೊಡುತ್ತ, ಯೊಲಾಂಡಳ ಟೈರಿಗೆ ಹೊಸ ಹಾಲು ಹಾಕಿದ್ದೇನೆ, ಒಣಗಿತ್ತು, ಹೇಳಿಬಿಡು ಎಂದ.

ಓರಿನ್ ಟ್ಯೂಬುಗಳನ್ನು ಮತ್ತೆ ಮೇಜಿನ ಮೇಲಿಟ್ಟ. ಎಂದಿನಿಂದ ಹಾಲು, ಎಂದು ಕೇಳಿದ.

"ಮೂರು ವರ್ಷ ಆಯ್ತಲ್ಲ ಗುರು. ಒಳ್ಳೇದಾ ಅಂತ ಕೇಳಿದ್ರು, ಹೂಂ ಅಂದೆ, ಹಾಕು ಅಂದ್ರು. ಎರಡು ನಿಮಿಷದ ಮಾತು. ಯಾಕೆ, ನಿನಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಹಿಂದೊಮ್ಮೆ ಅವಳ ಗೇರು ಸರಿಮಾಡಲು ಹೋಗಿ ಇಡೀ ಭಾನುವಾರ ಕೆಡಿಸಿದ್ದರಿಂದ, ಅವಳ ಸೈಕಲ್ ಮುಟ್ಟಬಾರದೆಂಬುದು ಮನೆಯ ಕಾನೂನಾಗಿತ್ತು. ಮುಟ್ಟದೆಯೇ ಅದರ ಮುಂದೆ ಟ್ಯೂಬು ಎಂದು ಬರೆದುಕೊಂಡಿದ್ದ. ದಿನಕ್ಕೆ ನಲವತ್ತು ಸೀಸೆಯ ಮೇಲೆ ಚೀಟಿ ಸರಿಯಿದೆಯೇ ಎಂದು ನೋಡುವವನು ತನ್ನ ಗ್ಯಾರೇಜಿನಲ್ಲಿರುವ ಎರಡೇ ಸೈಕಲ್‌ಗಳಲ್ಲಿ ಒಂದಕ್ಕೆ ತಪ್ಪು ಚೀಟಿ ಅಂಟಿಸಿದ್ದ. ಹೊಸಬರು ಯಾರಾದರೂ ಲ್ಯಾಬಿನಲ್ಲಿ ಹೀಗೆ ಮಾಡಿದ್ದರೆ ಅವನು ಮೂರು ದಿನ ಮಾತಾಡುತ್ತಿರಲಿಲ್ಲ.

ಸಂಜೆ ಯೊಲಾಂಡ ಬೀನ್ಸ್ ಬೇಯಿಸುತ್ತಿದ್ದಳು. ಅವನು ಬಾಗಿಲಿಗೆ ಒರಗಿ, ಎರಡು ಬೇಸಿಗೆಯ ಲೆಕ್ಕ ಹಾಳಾಯಿತು, ಮೊದಲೇ ಹೇಳಬಾರದಿತ್ತೇ ಎಂದ.

"ನೀನು ಕೇಳಿದ್ಯಾ?" ಎಂದಳು ಅವಳು. "ನೀನು ಬರ್ಕೊಂಡೆ ಅಷ್ಟೆ. ಊಟ ಬೇರೆ ಬಿಟ್ಟೆ. ಹೆಂಡ್ತಿ ಮಂಡಿಗೋಸ್ಕರ ಸಣ್ಣಗಾಗ್ತಿದಾನೆ ಅಂತ ನಾನು ಬಸ್ಸಲ್ಲಿ ಎಲ್ರಿಗೂ ಹೇಳಿದೀನಿ."

ಟ್ಯೂಬುಗಳ ಬದಲು ಅಂಗಡಿಯಿಂದ ತಂದಿದ್ದ ಟ್ಯೂಬ್‌ಲೆಸ್ ಟೈರುಗಳನ್ನೂ ಹಾಲಿನ ಸೀಸೆಯನ್ನೂ ಹಿಡಿದು ಓರಿನ್ ಗ್ಯಾರೇಜಿಗೆ ಹೋದ. ಅಲ್ಲಿ ಇನ್ನೊಂದು ದಡ್ಡತನ ಕಾದಿತ್ತು. ಟ್ಯೂಬ್‌ಲೆಸ್ ಟೈರಿನ ಅಂಚು ಚಕ್ರದ ಬಳೆಗೆ ಬಿಗಿಯಾಗಿ ಕೂರಬೇಕಾದರೆ ಒಮ್ಮೆಲೇ ಗಾಳಿ ನುಗ್ಗಬೇಕು. ಅದಕ್ಕೆ ಅಂಗಡಿಯ ಕಂಪ್ರೆಸರ್ ಬೇಕು. ಓರಿನ್ ಕೈಪಂಪಿನಿಂದ ನೂರಾ ಎಪ್ಪತ್ತು ಸಲ ಒತ್ತಿದ, ಎಣಿಸಿದ್ದ. ಗಾಳಿ ಒಳಹೋದಷ್ಟೇ ವೇಗದಲ್ಲಿ ಹಾಲು ಹೊರಬಂತು. ಗೋಡೆ, ಕನ್ನಡಕ, ಹುಬ್ಬು ಎಲ್ಲ ಬಿಳಿಯಾಯಿತು. ಮರುದಿನ ಹುಬ್ಬಿನಲ್ಲಿ ಒಣಗಿದ ರಬ್ಬರಿನೊಡನೆ ಅಂಗಡಿಗೆ ಹೋದಾಗ ನಾಂಡೋ ಏನೂ ಕೇಳದೆ ಕಂಪ್ರೆಸರ್ ಹಿಡಿದ. ಟಪ್ ಟಪ್ ಎಂದು ಎರಡು ಸದ್ದಿನಲ್ಲಿ ಟೈರು ಕೂತಿತು. ಒಂದೇ ಮಾತು ಹೇಳಿದ: "ಮುಳ್ಳು ಕಂಡ್ರೆ ಕೀಳ್ಬೇಡ. ಅದೇ ಬಿರಡೆ. ಮನೆಗೆ ಬರೋವರ್ಗೂ ಅಲ್ಲೇ ಇರ್ಲಿ."

ಅಷ್ಟು ಸಣ್ಣ ಮಾತನ್ನು ಯಾರು ಬೇಕಾದರೂ ಪಾಲಿಸಬಹುದಿತ್ತು. ಓರಿನ್ ಹದಿಮೂರನೆಯ ಮೈಲಿಯವರೆಗೆ ಪಾಲಿಸಿದ.

ಶನಿವಾರ ಬಿಸಿಲು ಹದವಾಗಿತ್ತು. ಮೊದಲ ಹತ್ತು ಮೈಲಿ ಟೈರಿನ ಗಾಳಿ ಇಳಿಯಲಿಲ್ಲ. ಹದಿಮೂರರಲ್ಲಿ ನೀರು ಕುಡಿಯಲು ನಿಂತಾಗ ಹಿಂದಿನ ಚಕ್ರ ನೋಡಿದ. ಒಂಬತ್ತು ಆಡಿನ ತಲೆಗಳು ಹೂತಿದ್ದವು. ಒಳಗಿನ ತೂತು ಎಷ್ಟು ದೊಡ್ಡದಿರಬಹುದು? ಹಾಲು ನಿಜಕ್ಕೂ ಮುಚ್ಚಿದೆಯೇ, ಅಥವಾ ಮುಳ್ಳೇ ತಡೆದಿದೆಯೇ? ಇವೆರಡನ್ನು ಬೇರ್ಪಡಿಸಿ ನೋಡಲು ಇರುವುದು ಒಂದೇ ದಾರಿ. ಬೆರಳುಗಳು ಅವನನ್ನು ಕೇಳಲಿಲ್ಲ.

ಕಿತ್ತ ಕೂಡಲೇ ಸುಸ್ಸೆಂದು ಹಾಲು ಚಿಮ್ಮಿತು. ಅವನು ಹೆಬ್ಬೆರಳಿನಿಂದ ತೂತು ಒತ್ತಿ ಹಿಡಿದು ಕುಕ್ಕರಿಸಿದ. ಇಪ್ಪತ್ತು ಮಾರು ಮುಂದಿದ್ದ ಯೊಲಾಂಡ ತಿರುಗಿ ನೋಡಿದಳು. ಇಳಿಯಲಿಲ್ಲ, ಇಳಿದರೆ ಮತ್ತೆ ಹತ್ತುವುದು ಮಂಡಿಗೆ ಕಷ್ಟ. ಬಂಡೆಗೆ ಒಂದು ಕಾಲೂರಿ ನಿಂತಳು.

"ಕಿತ್ಯಾ?"

"ಒಂದೇ ಒಂದು."

"ಬೆರಳು ತೆಗಿ. ತೂತು ಕೆಳಗೆ ಬರೋ ಹಾಗೆ ಚಕ್ರ ತಿರುಗ್ಸು. ಆಮೇಲೆ ಏನೂ ಮಾಡ್ಬೇಡ ಓರಿನ್. ಸುಮ್ನೆ ನಿಂತಿರು." ಪೆಡಲಿಗೆ ಕಾಲಿಟ್ಟಳು. "ನಾನು ಹೊರಟೆ."

ನಿಜವಾಗಿಯೂ ಹೊರಟಳು. ನೀಲಿ ಅಂಗಿ ಜುನಿಪರ್ ಗಿಡಗಳ ನಡುವೆ ಸಣ್ಣದಾಗುತ್ತ ಹೋಯಿತು. ಸ್ವಲ್ಪ ದೂರ ಹೋಗಿ ನಿಲ್ಲುತ್ತಾಳೆಂದು ಅವನು ನೆನೆಸಿದ್ದ. ನಿಲ್ಲಲಿಲ್ಲ. ಅವಳು ಹೇಳಿದಂತೆ ನಡೆದುಕೊಂಡದ್ದು ತನಗೇಕೆ ಇಷ್ಟು ಚುಚ್ಚುತ್ತಿದೆ ಎಂದು ಅವನಿಗೆ ಆಶ್ಚರ್ಯವಾಯಿತು. ಮೂರು ವರ್ಷ ಅವಳು ನಿಂತಿದ್ದಳಲ್ಲ, ಅದರ ಬೆಲೆ ಈಗ ತಿಳಿಯಿತು.

ತೂತನ್ನು ಕೆಳಗೆ ಮಾಡಿ ಕೈಕಟ್ಟಿ ನಿಂತ. ಏನನ್ನೂ ಮಾಡದೆ ನಿಲ್ಲುವ ಅಭ್ಯಾಸ ಅವನಿಗಿರಲಿಲ್ಲ. ಸುಸ್ಸೆಂಬುದು ಗುಳುಗುಳು ಆಯಿತು, ಗುಳುಗುಳು ಒಂದು ಗುಳ್ಳೆಯಾಯಿತು, ಗುಳ್ಳೆ ಒಡೆಯದೆ ಗಟ್ಟಿಯಾಯಿತು. ಟೈರು ಮೆತ್ತಗಾಗಿತ್ತು, ಆದರೆ ಚಪ್ಪಟೆಯಾಗಿರಲಿಲ್ಲ. ಅವನು ಹತ್ತಿದ. ಉಳಿದ ಎಂಟು ಮುಳ್ಳುಗಳ ಕಡೆ ನೋಡಲಿಲ್ಲ.

ಏಳು ಮೈಲಿ ಅವಳ ಚಕ್ರದ ಗುರುತು ಹಿಡಿದು ತುಳಿದ. ಕೆಂಪು ಬಂಡೆಯ ತುದಿಯಲ್ಲಿ ಯೊಲಾಂಡ ಬಲಗಾಲು ಚಾಚಿ ಕೂತಿದ್ದಳು. ಕೆಳಗೆ ನದಿ ಮೂರು ಕಡೆ ತಿರುಗಿತ್ತು. ಬಂದು ಎಷ್ಟು ಹೊತ್ತಾಯಿತು ಎಂದು ಕೇಳಿದ. ಇಪ್ಪತ್ತು ನಿಮಿಷ, ಅಷ್ಟನ್ನೂ ನದಿ ನೋಡುವುದಕ್ಕೇ ಕಳೆದೆ ಎಂದು ಸುಳ್ಳು ಹೇಳುವುದಿಲ್ಲ, ಎಂದಳು. ಬುತ್ತಿಯಲ್ಲಿದ್ದ ಅವನ ಪಾಲಿನ ಬುರಿಟೋವನ್ನು, ಬೀನ್ಸ್ ಸುತ್ತಿದ ರೊಟ್ಟಿಯನ್ನು, ಅವಳು ತಿಂದಿರಲಿಲ್ಲ. ಅವನು ಅದನ್ನು ಪೂರ್ತಿ ತಿಂದ. ಆರು ವಾರದ ನಂತರದ ಮೊದಲ ಪೂರ್ತಿ ಊಟ.

"ನಡ್ಕೊಂಡು ಬರ್ತೀಯ ಅಂದ್ಕೊಂಡಿದ್ದೆ," ಎಂದಳು.

"ನಾನೂ ಹಾಗೇ ಅಂದ್ಕೊಂಡಿದ್ದೆ."

ಏಳುವಾಗ ಅವಳ ಮಂಡಿ ಬಿಗಿದುಕೊಂಡಿತ್ತು. ಅವನು ಅವಳ ಸೈಕಲನ್ನು ಮುಟ್ಟಬಹುದೇ ಎಂದು ಕೇಳಿ, ಹಿಡಿದು ನಿಂತ. ಅವಳು ಅವನ ಹೆಗಲಿಗೆ ಕೈಯೂರಿ, ಎರಡನೆಯ ಪ್ರಯತ್ನದಲ್ಲಿ ಕಾಲು ದಾಟಿಸಿದಳು. ಇನ್ನೂ ಹನ್ನೆರಡು ಮೈಲಿಯಿತ್ತು, ಹೆಚ್ಚಿನದು ಇಳಿಜಾರು. ಈ ಸಲ ಅವಳು ಮುಂದೆ ಹೋಗಲಿಲ್ಲ. ದಾರಿ ಅಗಲವಾದಲ್ಲೆಲ್ಲ ಅವನು ಪಕ್ಕಕ್ಕೆ ಬರಲೆಂದು ಒಂದಿಷ್ಟು ಜಾಗ ಬಿಟ್ಟು ಇಳಿದಳು.